ಔದೋ ಇಲ್ವೋ, ಯೋಳಿ ಸಾ!

ನಮ್ಮ ದೊಡ್ಡಮ್ಮ ಯಾವ ಚುನಾವಣೆಗೂ ನಿಂತವರಲ್ಲ, ಯಾವ ಪಕ್ಷದ ಬಾವುಟವನ್ನೂ ಹಿಡಿದವರಲ್ಲ, ಯಾವ ಶಾಸಕರನ್ನೂ ಬೈದವರಲ್ಲ. ಆದರೂ ಆಗಿನ ನಮ್ಮ ಶಾಸಕರು ದೊಡ್ಡಮ್ಮನ ಊರಾದ ಕಾಮಗೆರೆಯ ಮೇಲೆ ಹಾದುಹೋಗುವಾಗ ಕಾರಿನ ಗಾಜು ಏರಿಸಿಕೊಳ್ಳುತ್ತಿದ್ದರು. ಧೂಳಿಗೆ ಹೆದರಿ ಅಲ್ಲ, ದೊಡ್ಡಮ್ಮನಿಗೆ ಹೆದರಿ!

ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕ. ಐದಡಿಯೂ ತುಂಬದ ಆಳು. ಬಸ್ಸಿನಲ್ಲಿ ನಿಂತರೆ ಮೇಲಿನ ಕಂಬಿ ಕೈಗೆಟುಕದೆ ಪಕ್ಕದವರ ತೋಳು ಹಿಡಿದುಕೊಳ್ಳುತ್ತಾರೆ. ದೊಡ್ಡಪ್ಪ ಕುಂತೂರಿನ ಕಾರ್ಖಾನೆಗೆ ಕಬ್ಬು ಹಾಕುವ ರೈತರು. ಅವರಿಗೆ ಮಾತು ಕಮ್ಮಿ. ಇದ್ದ ಮಾತನ್ನೆಲ್ಲ ಮದುವೆಯಲ್ಲೇ ಹೆಂಡತಿಗೆ ಬರೆದುಕೊಟ್ಟುಬಿಟ್ಟರೇನೋ ಎಂದು ನಾವು ತಮಾಷೆ ಮಾಡುವುದುಂಟು.

ಊರಿನ ಹೆಂಗಸರೆಲ್ಲ ಟೀವಿಯಲ್ಲಿ ಧಾರಾವಾಹಿ ನೋಡಿದರೆ ಇವರು ವಿಧಾನಸಭೆಯ ಕಲಾಪ ನೋಡುತ್ತಾರೆ. ಅದೂ ಸೊಪ್ಪು ಬಿಡಿಸುತ್ತ, ಕಣ್ಣು ಮಿಟುಕಿಸದೆ! ಇದರಲ್ಲೇನು ರುಚಿ ಎಂದು ಒಮ್ಮೆ ಕೇಳಿದ್ದೆ.

"ಧಾರಾವಾಹಿಲಿ ಒಬ್ಳು ಅಳ್ತಾಳೆ, ಇನ್ನೊಬ್ಳು ಅಳುಸ್ತಾಳೆ, ಅಷ್ಟೇಯ. ಇಲ್ಲಿ ನೋಡವ್ವ, ಇನ್ನೂರಿಪ್ಪತ್ನಾಕು ಜನ. ಯಾರು ಯಾವತ್ತು ಯಾವ ಪಾಲ್ಟಿಗೆ ಓಯ್ತಾರೆ ಅಂತ ಕತೆ ಬರ್ದೋನ್ಗೂ ಗೊತ್ತಿಲ್ಲ!"

ನಾನು ಕೊಳ್ಳೇಗಾಲದ ಕಾಲೇಜೊಂದರಲ್ಲಿ ವಾಣಿಜ್ಯ ಶಾಸ್ತ್ರ ಕಲಿಸುವವಳು. ಅಂಥ ನಾನೂ ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸತೊಡಗಿದೆ.

ಎಲ್ಲ ಶುರುವಾದದ್ದು ಟ್ರ್ಯಾಕ್ಟರಿನಿಂದ. ಕಬ್ಬು ಸಾಗಿಸುವ ಟ್ರ್ಯಾಕ್ಟರಿಗೆ ಇನ್ನು ಮೇಲೆ ಒಂದೇ ಟ್ರೇಲರ್ ಕಟ್ಟಬೇಕು ಎಂದೇನೋ ಒಂದು ಮಸೂದೆ ಬರುವುದರಲ್ಲಿತ್ತು; ಬಂದರೆ ರೈತರಿಗೆ ಸಾಗಣೆ ಖರ್ಚು ಇಮ್ಮಡಿ. ನಮ್ಮ ಶಾಸಕರು ಬೆಳೆಗಾರರ ಸಭೆಯಲ್ಲಿ ಮೈಕು ಹಿಡಿದು, "ನನ್ನ ಮೈಯಲ್ಲಿ ಉಸಿರಿರುವವರೆಗೂ ನಾನು ನಿಮ್ಮ ಪರ" ಎಂದು ಗುಡುಗಿದರು. ಮೈಕು ಕೂಡ ಒಮ್ಮೆ ಕೀರಿಟ್ಟಿತು. ದೊಡ್ಡಪ್ಪ ಅಪರೂಪಕ್ಕೆ ಚಪ್ಪಾಳೆ ತಟ್ಟಿ ಬಂದರು.

ಮಸೂದೆ ಸದನಕ್ಕೆ ಬಂದ ದಿನ ದೊಡ್ಡಮ್ಮ ಟೀವಿಯ ಮುಂದೆ ಕಾದು ಕೂತರು. ಸಭಾಧ್ಯಕ್ಷರು, "ಪ್ರಸ್ತಾವದ ಪರವಾಗಿರುವವರು ಹೌದು ಎನ್ನಿ" ಎಂದರು. ಹೋ ಎಂದು ಒಂದು ಸದ್ದು. "ವಿರುದ್ಧವಾಗಿರುವವರು ಇಲ್ಲ ಎನ್ನಿ" ಎಂದರು. ಇನ್ನೊಂದು ಸದ್ದು. "ಅಂಗೀಕರಿಸಲಾಗಿದೆ." ಬಿಸಿ ಕಾಫಿಯನ್ನು ಊದಿ ಒಂದು ಗುಟುಕು ಕುಡಿಯುವಷ್ಟರಲ್ಲಿ ಕಾನೂನು ಸಿದ್ಧ! ದೊಡ್ಡಮ್ಮ ತಕ್ಷಣ ನನಗೆ ಫೋನು ಮಾಡಿದರು.

"ನಮ್ಮೋರು ಔದು ಅಂದ್ರಾ, ಇಲ್ಲ ಅಂದ್ರಾ?"

ನಾನು ಅಲ್ಲಿ ಇಲ್ಲಿ ವಿಚಾರಿಸಿ ತಿಳಿಸಿದೆ. ಅದು ಧ್ವನಿಮತ, ಎಲ್ಲರೂ ಒಟ್ಟಿಗೆ ಕೂಗುತ್ತಾರೆ, ಯಾರು ಏನು ಕೂಗಿದರೆಂದು ಹೆಸರು ಹಿಡಿದು ಬರೆದುಕೊಳ್ಳುವುದಿಲ್ಲ. ಯಾರಾದರೂ ಎದ್ದು ಎಣಿಕೆ ಆಗಲೇಬೇಕೆಂದು ಹಟ ಹಿಡಿದರೆ ಮಾತ್ರ ಒಬ್ಬೊಬ್ಬರ ಮತ ಗೊತ್ತಾಗುತ್ತದೆ.

"ಡೈರಿಗೆ ಅರ್ಧ ಲೀಟ್ರು ಆಲು ಆಕುದ್ರೂ ಎಸ್ರು ಬರ್ಕತಾರೆ. ಕಾನೂನ್ ಮಾಡೋವಾಗ ಬರ್ಕಳಲ್ವಾ?" ಎಂದರು ದೊಡ್ಡಮ್ಮ. "ಆಗಾದ್ರೆ ನಮ್ಮೋರು ಯಾವ ಕಡೆ ಅಂತ ನಮ್ಗೆ ಗೊತ್ತಾಗೋದೆಂಗೆ?"

"ಭಾಷಣ ಮಾಡಿದರಲ್ಲ ದೊಡ್ಡಮ್ಮ."

"ಭಾಷಣ ಯಾವಳ್ಗೆ ಬೇಕಾಗದೆ? ಅಲ್ಲೋಗಿ ಏನಂದ್ರು ಅಂತ ಬೇಕು!"

ಮುಂದಿನ ಸೋಮವಾರ ಅವರು ಕೊಳ್ಳೇಗಾಲದ ಶಾಸಕರ ಕಚೇರಿಗೇ ಹೋದರು. ಜೊತೆಗೆ ನನ್ನನ್ನೂ ಎಳೆದುಕೊಂಡು! ಕಚೇರಿಯ ತುಂಬ ಜನ. ಆಪ್ತ ಸಹಾಯಕರು ಬಂದವರನ್ನೆಲ್ಲ ಚಕಚಕನೆ ವಿಂಗಡಿಸುತ್ತಿದ್ದರು. "ಏನಮ್ಮ, ಪಿಂಚಣಿಯಾ? ರಸ್ತೆಯಾ? ವರ್ಗಾವಣೆಯಾ?"

"ಅದ್ಯಾವ್ದೂ ಅಲ್ಲ ಕಣಪ್ಪ. ನಿಮ್ ಸಾಯೇಬ್ರು ಔದು ಅಂದ್ರಾ ಇಲ್ಲ ಅಂದ್ರಾ ಅಂತ ಕೇಳ್ಬೇಕಿತ್ತು."

ಆಪ್ತ ಸಹಾಯಕರು ಕಕ್ಕಾಬಿಕ್ಕಿಯಾದರು. ಪಾಪ, ಇಂಥ ಅರ್ಜಿಯನ್ನು ಇಡುವ ಕಡತವೇ ಅವರ ಬಳಿ ಇರಲಿಲ್ಲ! ಒಳಗೆ ಶಾಸಕರು ನಗುತ್ತಲೇ ಬರಮಾಡಿಕೊಂಡರು.

"ಅಮ್ಮಾ, ನಾನು ಯಾವತ್ತೂ ನಿಮ್ಮ ಪರ."

"ನಮ್ ಪರ ಅಂದ್ರೆ ಔದೋ ಇಲ್ವೋ, ಯೋಳಿ ಸಾ!"

"ಜನರ ಭಾವನೆಗೆ ಧಕ್ಕೆ ಬರೋ ಕೆಲಸ ನಾನು ಮಾಡಿಲ್ಲ ಅಮ್ಮ."

"ಅದು ಸರಿ ಸಾ. ಔದೋ? ಇಲ್ವೋ?"

ಶಾಸಕರು ಗಂಟೆ ಒತ್ತಿದರು. ಒಂದು ಶಾಲು ಬಂತು. ದೊಡ್ಡಮ್ಮನಿಗೆ ಹೊದಿಸಿ ಕೈ ಮುಗಿದರು. ಯಾರೋ ಫೋಟೋ ತೆಗೆದರು. ನಾವು ಯಾವಾಗ ಹೊರಗೆ ಬಂದೆವೋ ನಮಗೇ ತಿಳಿಯಲಿಲ್ಲ. ಬಸ್ ನಿಲ್ದಾಣದ ಬಿಸಿಲಲ್ಲಿ ಶಾಲು ಹೊದ್ದುಕೊಂಡು ನಿಂತ ದೊಡ್ಡಮ್ಮ, "ಉತ್ರ ಕೇಳುದ್ರೆ ಬಟ್ಟೆ ಕೊಡ್ತಾನಲ್ಲವ್ವ!" ಎಂದು ಬೆರಗಾದರು.

ಬೇರೆಯವರಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ಇವರು ಬಿಟ್ಟಾರೆಯೆ? ಯಳಂದೂರಿನಲ್ಲಿ ಶಾಲೆಯ ಕೊಠಡಿ ಉದ್ಘಾಟನೆಯಾದರೆ ದೊಡ್ಡಮ್ಮ ಹಾಜರ್. ಹನೂರಿನಲ್ಲಿ ಗೃಹಪ್ರವೇಶಕ್ಕೆ ಶಾಸಕರು ಬಂದರೆ ಹಾಲುಕ್ಕುವ ಮೊದಲೇ ದೊಡ್ಡಮ್ಮ ಹಾಜರ್. ಎಲ್ಲಿಯೂ ಕೂಗಾಟವಿಲ್ಲ, ಧಿಕ್ಕಾರವಿಲ್ಲ. ಮೆತ್ತಗೆ ಹತ್ತಿರ ಹೋಗಿ ಅದೇ ಒಂದು ಪ್ರಶ್ನೆ. ಅಷ್ಟು ದೊಡ್ಡ ಮನುಷ್ಯ, ಗನ್‌ಮ್ಯಾನ್ ಇಟ್ಟುಕೊಂಡವರು, ಈ ಗುಬ್ಬಚ್ಚಿಯಂಥ ಹೆಂಗಸನ್ನು ಕಂಡು ಹಿತ್ತಲ ಬಾಗಿಲು ಹುಡುಕುವುದನ್ನು ನಾನು ಕಣ್ಣಾರೆ ನೋಡಿದ್ದೇನೆ!

ಅಷ್ಟರಲ್ಲಿ ಇನ್ನೊಂದು ಮಸೂದೆಯ ಸುದ್ದಿ ಬಂತು. ಇದು ಟ್ರೇಲರಿನಷ್ಟು ಹಗುರವಾದದ್ದಲ್ಲ. ಕಾಡಂಚಿನ ಹೊಲಕ್ಕೆ ರೈತನೇ ಗಟ್ಟಿ ಬೇಲಿ ಹಾಕಿರಬೇಕು, ಇಲ್ಲದಿದ್ದರೆ ಕಾಡುಪ್ರಾಣಿ ಬೆಳೆ ತಿಂದರೂ ಪರಿಹಾರವಿಲ್ಲ ಎಂಬುದು ಅದರ ಸಾರ. ಲೊಕ್ಕನಹಳ್ಳಿಯಲ್ಲಿ ನಮ್ಮ ಚಿಕ್ಕಮ್ಮನ ಮನೆಯವರಿದ್ದಾರೆ. ಹಿಂದಿನ ಹಂಗಾಮಿನಲ್ಲಿ ಅವರ ಜೋಳ ತೆನೆ ಕಟ್ಟಿದ ಹೊತ್ತಿಗೆ ಆನೆಗಳು ಬಂದು ಹೊಲವನ್ನು ಚಾಪೆ ಹಾಸಿದಂತೆ ಮಾಡಿ ಹೋಗಿದ್ದವು. ಆನೆಯನ್ನು ತಡೆಯುವ ಬೇಲಿ ಎಂದರೇನು ಸಾಮಾನ್ಯವೆ? ಶಾಸಕರು ಲೊಕ್ಕನಹಳ್ಳಿಗೂ ಹೋಗಿ, ಅಲ್ಲಿಯೂ ಮೈಯಲ್ಲಿ ಉಸಿರಿರುವವರೆಗೂ ನಿಮ್ಮ ಪರ ಎಂದು ಬಂದಿದ್ದರು. ಆದರೆ ಮಸೂದೆ ತಂದದ್ದು ಅವರದೇ ಪಕ್ಷದ ಸರ್ಕಾರ!

ಅದು ಸದನಕ್ಕೆ ಬಂದ ದಿನವೇ ನನ್ನ ತಂಗಿಯ ಮದುವೆ. ಕೊಳ್ಳೇಗಾಲದ ಛತ್ರ. ಗಂಡಿನ ಕಡೆಯವರು ಯಳಂದೂರಿನವರು. ಬೀಗರಿಗೆ ಶಾಸಕರು ಬಂದರೆ ಸಾಕು, ಊಟಕ್ಕೆ ಉಪ್ಪಿಲ್ಲದಿದ್ದರೂ ನಡೆದೀತು ಎಂಬಷ್ಟು ಆಸೆ. ಅಮ್ಮ ಬೆಳಿಗ್ಗೆಯೇ ದೊಡ್ಡಮ್ಮನ ಕೈ ಹಿಡಿದು ಬೇಡಿಕೊಂಡಿದ್ದಳು. "ಅಕ್ಕಾ, ನಿನ್ ಕಾಲಿಗೆ ಬೀಳ್ತೀನಿ. ಇವತ್ತೊಂದಿನ ಸುಮ್ನಿರು."

"ನಾನ್ಯಾಕವ್ವ ಮಾತಾಡ್ಲಿ?" ಎಂದರು ದೊಡ್ಡಮ್ಮ. ನಾವೂ ನಂಬಿದೆವು!

ಮುಹೂರ್ತ ಬೆಳಿಗ್ಗೆ ಬೇಗನೆ ಇತ್ತು. ತಾಳಿ ಕಟ್ಟಿ ಸ್ವಲ್ಪ ಹೊತ್ತಿಗೆ ಶಾಸಕರು ಹಿಂಬಾಲಕರೊಂದಿಗೆ ಬಂದರು. ಬೀಗರು ಬಾಗಿಲಿಗೇ ಓಡಿದರು. ವಾದ್ಯದವರು ಇನ್ನಷ್ಟು ಉಬ್ಬಿಸಿ ಊದಿದರು. ಶಾಸಕರು ವೇದಿಕೆ ಹತ್ತಿ, ಅಕ್ಷತೆ ಹಿಡಿದು ಕೈ ಎತ್ತಿದರು. ಅಷ್ಟರಲ್ಲಿ ಹೂವಿನ ಕಂಬದ ಮರೆಯಿಂದ ದೊಡ್ಡಮ್ಮ ಪ್ರತ್ಯಕ್ಷ!

"ಸಾ, ಅಲ್ಲಿ ಇರ್ಬೇಕಾದೋರು ಇಲ್ಲಿ ಇದ್ದೀರಲ್ಲ? ಬೇಲಿ ವಿಚಾರ ಇವತ್ತು ಮಧ್ಯಾನದ್ ಮೇಲೆ ಬತ್ತದಂತೆ. ಟೀವಿಲಿ ಯೋಳ್ತಾವ್ರೆ."

ವಾದ್ಯ ನಿಂತಿತು. ಅಮ್ಮ ಕಣ್ಣು ಮುಚ್ಚಿಕೊಂಡಳು. ನನಗೆ ಪುರೋಹಿತರ ಹಿಂದೆ ಅಡಗಿಕೊಳ್ಳಬೇಕೆನ್ನಿಸಿತು. ಆದರೆ ಅವರೂ ಬೀಗರ ಹಿಂದೆ ಅಡಗಿದ್ದರು.

ಈ ಸಲ ಶಾಸಕರು ನಗಲಿಲ್ಲ. ಶಾಲಿಗೂ ಕೈ ಹಾಕಲಿಲ್ಲ. ಅಕ್ಷತೆಯನ್ನು ತಟ್ಟೆಗೆ ಹಾಕಿ, ಕೊಂಚ ನೊಂದ ಧ್ವನಿಯಲ್ಲೇ ಮಾತಾಡಿದರು.

"ಅಮ್ಮಾ, ನೀವು ನನ್ನ ಕೇಳ್ತೀರಿ, ಸರಿ. ಒಂದು ಮದುವೆಗೆ ಹೋಗದಿದ್ರೆ 'ಗೆದ್ದ ಮೇಲೆ ನಮ್ಮನ್ನ ಮರ್ತ' ಅಂತಾರೆ. ಸದನಕ್ಕೆ ಹೋಗದಿದ್ರೆ ಇವತ್ತಿನವರೆಗೂ ಯಾರೂ ಏನೂ ಅಂದಿಲ್ಲ. ನಾನೇನು ಮಾಡ್ಲಿ, ನೀವೇ ಹೇಳಿ."

ನಾನು ಬೆಚ್ಚಿದೆ. ಇದು ನಿಜವಲ್ಲವೆ? ಅವರಿಗೆ ಆಹ್ವಾನ ಪತ್ರಿಕೆ ಕೊಟ್ಟು, ಬರಲೇಬೇಕೆಂದು ಒತ್ತಾಯಿಸಿ ಬಂದವರು ನಾವೇ ಅಲ್ಲವೆ?

ದೊಡ್ಡಮ್ಮನೂ ಒಂದು ಗಳಿಗೆ ಯೋಚಿಸಿದರು. ಆಮೇಲೆ ಛತ್ರದ ಕಡೆ ತಿರುಗಿದರು. ಆ ಪುಟ್ಟ ಎದೆಯಿಂದ ಅಂಥ ಧ್ವನಿ ಎಲ್ಲಿಂದ ಬಂತೋ!

"ಇವ್ರು ಉಂಡ್ಕಂಡು ಇಲ್ಲೇ ಇರ್ಲಿ ಅನ್ನೋರು ಕೈ ಎತ್ತಿ!"

ಬೀಗರ ಕೈ ಅರ್ಧ ಮೇಲೆದ್ದು, ಅಕ್ಕಪಕ್ಕ ನೋಡಿ, ತಲೆ ಕೆರೆದುಕೊಂಡು ಇಳಿಯಿತು.

"ಈಗ್ಲೇ ಬೆಂಗಳೂರ್ಗೋಗಿ ನಮ್ ಮಾತು ಆಡ್ಲಿ, ಮದ್ವೆಗೆ ಬರ್ನಿಲ್ಲ ಅಂತ ನಾವ್ಯಾರೂ ಬೇಜಾರ್ ಮಾಡ್ಕಳಲ್ಲ ಅನ್ನೋರು?"

ಮೊದಲು ಯಾರೂ ಅಲ್ಲಾಡಲಿಲ್ಲ. ಆಮೇಲೆ ಹಿಂದಿನ ಸಾಲಿನಲ್ಲಿ ಲೊಕ್ಕನಹಳ್ಳಿಯ ಚಿಕ್ಕಮ್ಮ ಎದ್ದು ನಿಂತು ಕೈ ಎತ್ತಿದಳು. ಪಕ್ಕದಲ್ಲಿ ಅವಳ ಗಂಡ. ಆ ಸಾಲಿಗೆ ಸಾಲೇ ಎದ್ದಿತು. ಬಡಿಸಲು ನಿಂತವರು ಸೌಟು ಹಿಡಿದೇ ಕೈ ಎತ್ತಿದರು. ನೋಡನೋಡುತ್ತ ಛತ್ರವೇ ಕೈಗಳ ಕಾಡಾಯಿತು. ವೇದಿಕೆಯ ಮೇಲೆ ನನ್ನ ತಂಗಿ, ತಾಳಿಯ ಅರಿಸಿನ ಇನ್ನೂ ಆರದವಳು, ಗಂಡನ ಮುಖ ನೋಡಿದಳು. ಅವನು ಬಾಸಿಂಗ ಸರಿಮಾಡಿಕೊಂಡು ಕೈ ಎತ್ತಿದ. ಕೊನೆಗೆ ಬೀಗರೂ ಎತ್ತಿದರು! ಇಷ್ಟು ದಿನ ದೊಡ್ಡಮ್ಮನ ಪ್ರಶ್ನೆಗೆ ನಕ್ಕದ್ದು ಎಂಥ ತಪ್ಪೆಂದು ನನಗೆ ಆ ಕ್ಷಣ ಅರ್ಥವಾಯಿತು.

ಶಾಸಕರು ಆ ಕೈಗಳನ್ನೆಲ್ಲ ಒಮ್ಮೆ ನೋಡಿದರು. ದಂಪತಿಗಳ ಮೇಲೆ ಅಕ್ಷತೆ ಹಾಕಿದರು. ಯಾರಿಗೂ ಏನೂ ಹೇಳದೆ ಇಳಿದು ಕಾರು ಹತ್ತಿದರು.

ಮಧ್ಯಾಹ್ನದ ಮೇಲೆ, ಊಟದ ಕೊನೆಯ ಪಂಕ್ತಿಯಲ್ಲಿ ನೀರಿನ ಜಗ್ಗಿಗೆ ನನ್ನ ಮೊಬೈಲು ಒರಗಿಸಿ ನಾವೆಲ್ಲ ಕಲಾಪ ನೋಡಿದೆವು. ಮದುಮಕ್ಕಳೂ ಬಂದು ಕೂತರು. ನಮ್ಮ ಶಾಸಕರ ಕುರ್ಚಿ ಖಾಲಿ. ಚರ್ಚೆ ಮುಗಿಯಿತು. "ಪರವಾಗಿರುವವರು ಹೌದು ಎನ್ನಿ." ಹೋ ಎಂದು ಸದ್ದೆದ್ದಿತು. "ವಿರುದ್ಧವಾಗಿರುವವರು ಇಲ್ಲ ಎನ್ನಿ." ಎದುರು ಪಕ್ಷದವರು ಕೂಗಿ ಸುಮ್ಮನಾದರು. ಸಭಾಧ್ಯಕ್ಷರು ಇನ್ನೇನು ಬಾಯಿ ತೆರೆಯಬೇಕು, ಬಾಗಿಲ ಕಡೆಯಿಂದ ಏದುಸಿರಿನ ಒಂದೇ ಒಂದು ಧ್ವನಿ ಬಂತು.

"ಇಲ್ಲ!"

ಸಭಾಧ್ಯಕ್ಷರು ತಲೆ ಎತ್ತಿ ನೋಡಿದರು. ಸದನವೇ ತಿರುಗಿ ನೋಡಿತು. ಎಲ್ಲರ ಜೊತೆ ಕೂಗಿದ್ದರೆ ಆ ಗದ್ದಲದಲ್ಲಿ ಕರಗಿಹೋಗುತ್ತಿದ್ದ ಮಾತು, ತಡವಾಗಿ ಬಂದದ್ದರಿಂದ ರಾಜ್ಯಕ್ಕೆಲ್ಲ ಕೇಳಿಸಿತು!

"ನಮ್ಮೋರು!" ಎಂದು ದೊಡ್ಡಮ್ಮ ಎಲೆಯ ಮುಂದಿನಿಂದ ಎದ್ದು ನಿಂತರು. ಲೊಕ್ಕನಹಳ್ಳಿಯ ಚಿಕ್ಕಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಮಸೂದೆ ಪಾಸಾಯಿತು. ಆಗದೆ ಉಂಟೆ? ಒಂದು ಧ್ವನಿಗೆ ಸರ್ಕಾರ ನಿಲ್ಲುತ್ತದೆಯೆ? ಮಾರನೆಯ ದಿನ ಪಕ್ಷದ ದೊಡ್ಡವರು ಶಾಸಕರನ್ನು ಕರೆಸಿ ವಿಚಾರಿಸಿದರಂತೆ. ಶಾಸಕರು ಟೀವಿಯವರ ಮುಂದೆ ಬಹಳ ಗಂಭೀರವಾಗಿ ಹೇಳಿಕೆ ಕೊಟ್ಟರು. "ಒಳಗೆ ಬರುವಾಗ ಪಕ್ಕದವರು ಊಟ ಆಯ್ತಾ ಎಂದು ಕೇಳಿದರು. ನಾನು ಇಲ್ಲ ಎಂದೆ. ಅಷ್ಟೇ."

ನಾವು ಬಿದ್ದು ಬಿದ್ದು ನಕ್ಕೆವು. ದೊಡ್ಡಮ್ಮ ಮಾತ್ರ ನಗಲಿಲ್ಲ. "ಪಾಪ, ಉಣ್ದೆ ಓಗಿದ್ದು ನಿಜ ತಾನೇ?" ಎಂದು ಮದುವೆಯ ಲಾಡು ಕಟ್ಟಿಸಿಕೊಂಡು ಕಚೇರಿಗೆ ಹೊರಟರು. ನಾನೂ ಹೋದೆ. ಈ ಸಲ ಅವರು ಏನೂ ಕೇಳಲಿಲ್ಲ. ಲಾಡು ಮೇಜಿನ ಮೇಲಿಟ್ಟು ತಿರುಗಿದರು. ಶಾಸಕರೇ ಎದ್ದು ಬಾಗಿಲವರೆಗೆ ಬಂದು, ಅತ್ತಿತ್ತ ನೋಡಿ ತಗ್ಗಿದ ದನಿಯಲ್ಲಿ, "ಅಮ್ಮಾ, ಅದು ಊಟಕ್ಕೆ ಅಂದದ್ದಲ್ಲ" ಎಂದರು.

"ಗೊತ್ತು ಕಣಪ್ಪ" ಎಂದರು ದೊಡ್ಡಮ್ಮ. ಅವರನ್ನು ಸಾ ಎನ್ನದೆ ಅಪ್ಪ ಎಂದದ್ದು ಅದೇ ಮೊದಲು.

ಆ ಸಂಜೆ ಕಾಮಗೆರೆಯ ಮನೆಯ ಜಗಲಿಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದಾಗ ಕೇಳಿಯೇಬಿಟ್ಟೆ. "ಮಸೂದೆ ಹೇಗೂ ಪಾಸಾಯಿತು. ಒಬ್ಬರು ಔದು ಅಂದರೇನು, ಇಲ್ಲ ಅಂದರೇನು ದೊಡ್ಡಮ್ಮ? ನಿಮಗೆ ಯಾಕೆ ಅಷ್ಟೊಂದು ಹಟ?"

ಅವರು ಲೋಟ ಕೆಳಗಿಟ್ಟರು.

"ನನ್ ಮದ್ವೆ ಮಾತಾಡ್ದಾಗ ನಮ್ಮಪ್ಪನ್ ಮನೆ ಜಗ್ಲಿ ಮೇಲೆ ಎಲ್ರೂ ಕೂತಿದ್ರು ಕಣವ್ವ. ಒಪ್ಗೇನಾ ಅಂತ ಒಬ್ರು ಕೇಳುದ್ರು. ಎಲ್ರೂ ಒಟ್ಗೆ ಹೂಂ ಅಂದ್ರು. ನಾನು ಬಾಗ್ಲಿಂದೆ ನಿಂತಿದ್ದೆ. ಯೋಳ್ಬೇಕು ಅಂತ ಬಾಯ್ ತೆಗ್ಯಷ್ಟ್ರಲ್ಲಿ ತಾಂಬೂಲ ಬದ್ಲಾಯ್ಸಿಯೇ ಬುಟ್ರು."

ಮೂಲೆಯಲ್ಲಿ ಕೂತಿದ್ದ ದೊಡ್ಡಪ್ಪ, ಮನೆಯಲ್ಲಿ ಇದ್ದಾರೆಂದು ಮರೆತೇಹೋಗುವಂಥ ದೊಡ್ಡಪ್ಪ, ಮೆಲ್ಲನೆ ಕೇಳಿದರು.

"ಕೇಳಿದ್ರೆ ಏನಂತಿದ್ದೆ?"

"ಹೂಂ ಅಂತ್ಲೇ ಅಂತಿದ್ದೆ. ನಿಮ್ಮ ಆಗ್ಲೇ ನೋಡಿದ್ದೆ, ಗದ್ದೆ ಬದಿಲಿ. ಆದ್ರೆ ನಾನು ಅನ್ಬೇಕಿತ್ತು."

ದೊಡ್ಡಪ್ಪ ಎದ್ದರು. ಹೆಗಲ ಟವಲು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಎಪ್ಪತ್ತು ದಾಟಿದ ಮನುಷ್ಯ, ಹೆಣ್ಣು ನೋಡಲು ಬಂದ ಹುಡುಗನಂತೆ ಬೆವರುತ್ತ ಹೆಂಡತಿಯ ಮುಂದೆ ಬಂದು ನಿಂತರು.

"ನಾನು ಕೇಳ್ತಾ ಇವ್ನಿ. ನನ್ನ ಮದ್ವೆ ಆಯ್ತೀಯಾ?"

ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ದೊಡ್ಡಪ್ಪ ಅವಸರ ಮಾಡಲಿಲ್ಲ, ನಿಂತೇ ಇದ್ದರು. ರಸ್ತೆಯಲ್ಲಿ ಹನೂರಿನ ಬಸ್ಸು ಹಾದುಹೋಗಿ, ಅದರ ಸದ್ದು ಪೂರ್ತಿ ಅಡಗಿದ ಮೇಲೆ ದೊಡ್ಡಮ್ಮ ಅಳುತ್ತಳುತ್ತಲೇ, ಬೀದಿಗೆಲ್ಲ ಕೇಳುವಂತೆ, "ಹೂಂ" ಎಂದರು.