ಹಳೆ ರೆಕಾರ್ಡು, ಮೂರು ಜೊತೆ ಕಿವಿ

ಹಳೆ ರೆಕಾರ್ಡಿನ ಹುಚ್ಚು ಹಿಡಿದವರ ಸಹವಾಸ ಮಾಡಿದರೆ ನಗುವುದಕ್ಕೆ ಅಂತ ಬೇರೆ ಎಲ್ಲಿಗೂ ಹೋಗಬೇಕಾಗಿಲ್ಲ. ನಗು ತಾನಾಗಿ ಅಂಗಡಿ ಮೆಟ್ಟಿಲು ಹತ್ತಿ ಬರುತ್ತದೆ. ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಕೊಪ್ಪದ ಬಸ್‌ಸ್ಟ್ಯಾಂಡ್ ಹತ್ತಿರ ನನ್ನದೊಂದು ಕ್ಯಾಸೆಟ್, ಸಿ.ಡಿ. ಅಂಗಡಿ ಇತ್ತು. ಊರಿನವರೆಲ್ಲ ಹೊಸ ಹಾಡು ಕೇಳಿಕೊಂಡು ಬರುತ್ತಿದ್ದರು. ಅರವತ್ತರ ದಶಕದ ಹಾಡು ಬೇಕು ಅನ್ನುತ್ತಿದ್ದವರು ಇಬ್ಬರೇ. ಒಬ್ಬರು ಶೃಂಗೇರಿಯ ಸಂಸ್ಕೃತ ಮೇಷ್ಟ್ರು, ಇನ್ನೊಬ್ಬರು ನರಸಿಂಹರಾಜಪುರದ ದನದ ಡಾಕ್ಟರು. ನಾನೂ ಸೇರಿ ಮೂವರು. ಭಾನುವಾರ ಬಂತೆಂದರೆ ಯಾರಾದರೊಬ್ಬರ ಮನೆಯಲ್ಲಿ ಕೂತು, ಆ ಕಾಲದಲ್ಲಿ ಮೈಕು ಎಲ್ಲಿಟ್ಟಿದ್ದರು, ಪಿಟೀಲಿನವರನ್ನು ಎಲ್ಲಿ ಕೂರಿಸಿದ್ದರು, ಹೊಸದಾಗಿ ಬಂದ ಸಿ.ಡಿ. ಹಳೆ ರೆಕಾರ್ಡಿಗೆ ಸಮ ಬಂತೋ ಇಲ್ಲವೋ ಅಂತ ಸಂಜೆಯವರೆಗೆ ಮಾತು. ಇಷ್ಟು ಚೆಂದದ್ದನ್ನು ಮನುಷ್ಯರೇ ಮಾಡಿದರಾ ಅನ್ನುವ ಬೆರಗು ನಮಗೆ ಕೊನೆವರೆಗೂ ಹೋಗಲಿಲ್ಲ.

ಹಾಡದ ಹಾಡುಗಾರರು

ಒಂದು ಕಾಫಿ ಎಸ್ಟೇಟಿನ ಬಂಗಲೆ ಖಾಲಿ ಮಾಡುವಾಗ ಮೇಷ್ಟ್ರಿಗೆ ರೆಕಾರ್ಡ್ ಪ್ಲೇಯರ್ ಸಿಕ್ಕಿತ್ತು. ಜೊತೆಗೆ ಇಂಗ್ಲೆಂಡಿನ ನಾಲ್ಕು ಹುಡುಗರ ಒಂದು ರೆಕಾರ್ಡು, ಅರವತ್ತರ ದಶಕದ್ದು. ಮೇಷ್ಟ್ರು ಅದಕ್ಕೆ ಮರುಳಾಗಿಬಿಟ್ಟಿದ್ದರು.

"ಇಡೀ ರೆಕಾರ್ಡಿನಲ್ಲಿ ಒಂದೇ ಒಂದು ಮಾತಿಲ್ಲ ಮಾರಾಯ್ರೆ. ಬರೀ ಗಿಟಾರು, ಡ್ರಮ್ಮು. ಆ ವಯಸ್ಸಿನ ಹುಡುಗರಿಗೆ ಎಂಥ ಸಂಯಮ ನೋಡಿ!" ಅನ್ನುತ್ತಿದ್ದರು.

ಕವರಿನ ಮೇಲೆ ನಾಲ್ವರೂ ಮೈಕಿನ ಮುಂದೆ ಬಾಯಿ ತೆರೆದು ನಿಂತ ಫೋಟೋ ಇತ್ತು. "ಮತ್ತೆ ಬಾಯಿ ಯಾಕೆ ತೆಗೆದಿದ್ದಾರೆ ಮೇಷ್ಟ್ರೇ?" ಅಂದೆ.

"ಮೈಮರೆತಿದ್ದಾರೆ" ಅಂದರು.

ಮುಂದಿನ ಭಾನುವಾರ ಡಾಕ್ಟರೂ ಬಂದರು. ಹಾಡು ಕೇಳುತ್ತಾ ಕೇಳುತ್ತಾ ಎದ್ದು ಹೋಗಿ ಎಡಗಡೆ ಸ್ಪೀಕರಿಗೆ ಕಿವಿ ಇಟ್ಟರು. ಅದು ಸತ್ತೇ ಹೋಗಿತ್ತು. ಹಿಂದೆ ನೋಡಿದರೆ ವೈರನ್ನು ಇಲಿ ಕಡಿದಿದೆ. "ಮೇಷ್ಟ್ರೇ, ಆಗಿನ್ನೂ ಸ್ಟೀರಿಯೋ ಹೊಸದು. ದನಿಯೆಲ್ಲ ಒಂದು ಕಡೆ, ವಾದ್ಯವೆಲ್ಲ ಇನ್ನೊಂದು ಕಡೆ ಅಂತ ಹಂಚಿಬಿಡುತ್ತಿದ್ದರು" ಅನ್ನುತ್ತಾ ಡಾಕ್ಟರು ವೈರು ಸುಲಿದು ಸಿಕ್ಕಿಸಿದರು.

ನಾಲ್ವರೂ ಒಟ್ಟಿಗೆ ಹಾಡಿದರು ನೋಡಿ! ಮೇಷ್ಟ್ರು ಕುರ್ಚಿಯಿಂದ ಎದ್ದು ನಿಂತರು. "ಅಯ್ಯೋ, ಇವರು ಹಾಡ್ತಾರೆ!" ಅಂದರು. ಒಂದರ ಮೇಲೊಂದು ದನಿ ಏರಿ ಕೊನೆಗೆ ಎಲ್ಲ ಒಂದಾಗುವ ಜಾಗಕ್ಕೆ ಬಂದಾಗ ಅವರು ಸ್ಪೀಕರಿಗೆ ಕೈ ಮುಗಿದೇಬಿಟ್ಟರು.

ಅಷ್ಟರಲ್ಲಿ ಅವರ ಹೆಂಡತಿ ದೊಡ್ಡ ತಟ್ಟೆ ಹಿಡಿದುಕೊಂಡು ಬಾಗಿಲಿಗೆ ಬಂದು ಆಚೆ ಈಚೆ ನೋಡಿದರು. "ಗಲಾಟೆ ಕೇಳಿ ನಾಲ್ಕು ಲೋಟ ಜಾಸ್ತಿ ಕಾಫಿ ಮಾಡಿದೆ. ಎಲ್ಲಿ ಹೋದರು ಅವರು?"

ಕೆಮ್ಮು ನಾಪತ್ತೆ

ಡಾಕ್ಟರ ಪ್ರಾಣ ಇದ್ದದ್ದು ಒಂದು ಹಳೆ ಕನ್ನಡ ಚಿತ್ರಗೀತೆಯಲ್ಲಿ, ದೋಣಿಯ ಹಾಡು. ಅದರ ಎರಡನೇ ಚರಣ ಮುಗಿದು ಕೊಳಲು ಶುರುವಾಗುವ ಮೊದಲು ಯಾರೋ ಮೆಲ್ಲಗೆ ಕೆಮ್ಮಿದ್ದು ರೆಕಾರ್ಡಿನಲ್ಲಿ ಕೇಳಿಸುತ್ತಿತ್ತು. ಅದು ಪಿಟೀಲಿನವನ ಕೆಮ್ಮು ಅಂತ ಡಾಕ್ಟರು, ಕೊಳಲಿನವನು ಗಂಟಲು ಸರಿ ಮಾಡಿಕೊಂಡದ್ದು ಅಂತ ಮೇಷ್ಟ್ರು. ಇದನ್ನು ತೀರ್ಮಾನ ಮಾಡಲು ಡಾಕ್ಟರು ಒಮ್ಮೆ ಸ್ಪೀಕರಿಗೆ ಸ್ಟೆತಸ್ಕೋಪ್ ಇಟ್ಟು ಕೇಳಿದ್ದೂ ಉಂಟು. "ಎಲ್ಲರೂ ಒಂದೇ ಕೋಣೇಲಿ, ಒಂದೇ ಉಸಿರಲ್ಲಿ ನುಡಿಸಿದ್ದು ಮಾರಾಯ. ಆ ಕೆಮ್ಮಿನಿಂದಲೇ ಆ ಕೋಣೆ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತೆ" ಅಂತ ಅವರ ವಾದ.

ಆ ಹಾಡನ್ನು ಕಂಪ್ಯೂಟರಿನಲ್ಲಿ ಶುದ್ಧ ಮಾಡಿ ಸಿ.ಡಿ. ಬಿಟ್ಟರು. ನಾನೇ ಆಸೆಯಿಂದ ತರಿಸಿಕೊಟ್ಟೆ. ಮಾರನೇ ದಿನವೇ ಡಾಕ್ಟರು ಮುಖ ಕೆಂಪು ಮಾಡಿಕೊಂಡು ಅಂಗಡಿಗೆ ಬಂದರು.

"ಕೆಮ್ಮು ಎಲ್ಲಿ?"

"ಯಾವ ಕೆಮ್ಮು?"

"ಇಷ್ಟು ವರ್ಷ ಇದ್ದ ಕೆಮ್ಮನ್ನು ಪೂರ್ತಿ ತೆಗೆದುಹಾಕಿದ್ದಾರೆ! ಒಂದು ಚೂರೂ ಉಳಿಸಿಲ್ಲ. ಕಂಪ್ಯೂಟರ್ ಹಿಡಿದು ಬುಡಸಮೇತ ಕಿತ್ತಿದ್ದಾರೆ. ಉಸಿರಾಟ ಕೂಡ ಕ್ಲೀನ್ ಮಾಡಿಟ್ಟಿದ್ದಾರೆ!"

ಅವರ ಕಣ್ಣಲ್ಲಿ ನಿಜವಾಗಿ ನೀರಿತ್ತು. ನನಗೂ ಸಂಕಟವಾಯಿತು. ಮುತ್ತಿನಕೊಪ್ಪದ ಗೌಡರೊಬ್ಬರು ಅಂಗಡಿ ಮೂಲೆಯಲ್ಲಿ ಬಸ್ಸು ಕಾಯುತ್ತಾ ನಿಂತಿದ್ದವರು ಇದನ್ನೆಲ್ಲ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಮೆಲ್ಲಗೆ ಹತ್ತಿರ ಬಂದು ಕೈ ಕಟ್ಟಿಕೊಂಡು ಹೇಳಿದರು: "ಡಾಕ್ಟ್ರೇ, ನಮ್ಮ ಎಮ್ಮೆಗೂ ಹಾಳು ಕೆಮ್ಮು ಬಿಡ್ತಾನೇ ಇಲ್ಲ. ನೀವು ಕೊಟ್ಟ ಔಷಧೀನೂ ಆಯ್ತು. ಆ ಕಂಪ್ಯೂಟರನ್ನೇ ಒಂದ್ಸಲ ಹಿಡಿಸಿ ನೋಡಾಣ."

ಗುಂಡಿಯೊಳಗಿನ ಸ್ಟುಡಿಯೋ

ಆ ಕಾಲದ ಹಾಡುಗಳಲ್ಲಿ ದನಿಗೆ ಒಂದು ಗುಂಯ್ ಅನ್ನುವ ಬಾಲ ಇರುತ್ತದಲ್ಲ, ಅದನ್ನು ಯಂತ್ರ ಇಲ್ಲದೆ ಮಾಡುತ್ತಿದ್ದರಂತೆ. ಖಾಲಿ ಕೋಣೆಯ ಒಂದು ಮೂಲೆಯಲ್ಲಿ ಸ್ಪೀಕರು ಇಟ್ಟು ಹಾಡು ಬಿಡುವುದು, ಗೋಡೆಗೆಲ್ಲ ಬಡಿದು ಬಂದದ್ದನ್ನು ಇನ್ನೊಂದು ಮೂಲೆಯ ಮೈಕಿನಲ್ಲಿ ಹಿಡಿಯುವುದು. ಇದನ್ನು ಎಲ್ಲೋ ಓದಿದ ಮೇಲೆ ನಮಗೆ ತಡೆಯಲಿಲ್ಲ. ನಮ್ಮ ಮನೆಗಳಲ್ಲಿ ಖಾಲಿ ಕೋಣೆ ಅಂತ ಇದ್ದರೆ ತಾನೆ? ಡಾಕ್ಟರ ಮನೆ ಹಿತ್ತಲಲ್ಲಿ ಮಾತ್ರ ಗೋಬರ್ ಗ್ಯಾಸಿನ ಹೊಸ ಗುಂಡಿ ಸಿಮೆಂಟಾಗಿ ಒಣಗಿ ತಯಾರಾಗಿತ್ತು. ಸಗಣಿ ಇನ್ನೂ ಬಿದ್ದಿರಲಿಲ್ಲ.

ಸ್ಪೀಕರನ್ನು ಹಗ್ಗ ಕಟ್ಟಿ ಇಳಿಸಿದೆವು. ಮೈಕನ್ನು ಇನ್ನೊಂದು ಬದಿಯಿಂದ ಬಿಟ್ಟೆವು. ಮೇಷ್ಟ್ರು ಹೆಡ್‌ಫೋನ್ ಹಾಕಿಕೊಂಡು ಮೇಲೆ ಕೂತರು. ಹಾಡು ಬಿಟ್ಟದ್ದೇ ತಡ, ಅವರ ಮುಖ ನೋಡಬೇಕಿತ್ತು! ಹೆಡ್‌ಫೋನನ್ನು ನನ್ನ ಕಿವಿಗೆ ಇಟ್ಟರು. ಅದೇ ಬಾಲ! ಅದೇ ಗುಂಯ್! ಅಷ್ಟು ದೂರದ ಮದ್ರಾಸಿನ ಸ್ಟುಡಿಯೋ ಆ ಗುಂಡಿಯೊಳಗೆ ಬಂದು ಕೂತಿತ್ತು. ಮೂವರೂ ಗುಂಡಿಯ ಅಂಚಿನಲ್ಲಿ ಮಂಡಿಯೂರಿ ಕೇಳಿದೆವು.

ಅಲ್ಲಿಂದ ಮುಂದೆ ಡಾಕ್ಟರು ಗುಂಡಿಗೆ ಸಗಣಿ ಹಾಕಲು ಬಿಡಲೇ ಇಲ್ಲ. ಹೆಂಡತಿ ಕೇಳಿದಾಗಲೆಲ್ಲ "ಇನ್ನೊಂದು ಭಾನುವಾರ ಆಗಲಿ" ಅನ್ನುವುದು. ಕಡೆಗೆ ಅವರು ಕ್ಯಾಂಪಿಗೆ ಹೋದ ದಿನ ಮನೆಯವರು ಆಳುಗಳನ್ನು ಕರೆದು ಗುಂಡಿ ತುಂಬಿಸಿಬಿಟ್ಟರು.

ಸ್ವಲ್ಪ ದಿನ ಬಿಟ್ಟು ಮೇಷ್ಟ್ರೂ ನಾನೂ ಹೋದರೆ ಡಾಕ್ಟರು ಸಪ್ಪೆ ಮುಖದಲ್ಲಿ ಜಗಲಿಯ ಮೇಲೆ ಕೂತಿದ್ದರು. "ಸ್ಟುಡಿಯೋ ಹೋಯ್ತು ಮಾರಾಯ."

ಅವರ ಹೆಂಡತಿ ಟೀ ತಂದಿಟ್ಟರು. "ಸುಮ್ಮನೆ ಕುಡೀರಿ. ಅದರ ಗ್ಯಾಸಲ್ಲೇ ಮಾಡಿದ್ದು."

ಮೇಷ್ಟ್ರು ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ಗಂಭೀರವಾಗಿ ಹೇಳಿದರು: "ಸ್ವಲ್ಪ ಎಕೋ ಇದೆ."

ಬರೀ "ಆ"

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಅದೇ ದೋಣಿ ಹಾಡು ಹಾಕಿಕೊಂಡು ಕೂತಿದ್ದೆ. ಬಿಸಿಲಿಗೆ ಒಬ್ಬರು ವಯಸ್ಸಾದ ಹೆಂಗಸು ಬಂದು ನೆರಳಲ್ಲಿ ನಿಂತರು. ಯಜಮಾನರು ಮಿಕ್ಸಿ ರಿಪೇರಿಗೆ ಹೋಗಿದ್ದಾರೆ, ಬರುವವರೆಗೆ ನಿಲ್ಲುತ್ತೇನೆ ಅಂದರು. ಸ್ಟೂಲು ಕೊಟ್ಟೆ. ಹಾಡು ಪಲ್ಲವಿ ದಾಟಿ ಹೆಣ್ಣುಮಕ್ಕಳ ಕೋರಸ್ ಬರುವ ಹೊತ್ತಿಗೆ ಅವರು ಸೆರಗು ಸರಿ ಮಾಡಿಕೊಂಡು, ಯಾರಿಗೂ ಅಲ್ಲ ಅನ್ನುವ ಹಾಗೆ ಹೇಳಿದರು: "ಈಗ ನಮ್ಮದು ಬರ್ತದೆ."

"ಯಾರದ್ದಮ್ಮಾ?"

"ನಮ್ಮದೇ. ಅದರಲ್ಲಿ ಈ ಕಡೆಯಿಂದ ಎರಡನೆಯವಳು ನಾನು."

ನಾನು ಎದ್ದು ನಿಂತು ವಿಚಾರಿಸಿದೆ. ಮದುವೆಗೆ ಮುಂಚೆ ಮದ್ರಾಸಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಾಗ ಹಾಡಿದ್ದಂತೆ. ಆಮೇಲೆ ನರಸಿಂಹರಾಜಪುರದ ಬಟ್ಟೆ ಅಂಗಡಿಯವರಿಗೆ ಕೊಟ್ಟರಂತೆ. "ಮನೆಯವರಿಗೆ ಗೊತ್ತುಂಟಾ?" ಅಂದೆ. "ಯಾರು ಕೇಳಿದ್ದಾರೆ?" ಅಂದರು. ಅಷ್ಟರಲ್ಲಿ ಯಜಮಾನರು ಮಿಕ್ಸಿ ಹೊತ್ತುಕೊಂಡು ಬಂದರು. ಆಕೆ ಮನೆ ಗುರುತು ಹೇಳಿ, ಭಾನುವಾರ ಬನ್ನಿ ಅಂದು ಹೊರಟುಬಿಟ್ಟರು.

ನಮ್ಮ ಮೇಷ್ಟ್ರು ಆ ಭಾನುವಾರ ಸ್ನಾನ, ಜಪ ಎಲ್ಲ ಮುಗಿಸಿ, ಇಸ್ತ್ರಿ ಮಾಡಿದ ಪಂಚೆ ಉಟ್ಟು ಬಂದಿದ್ದರು. ಆಕೆಯ ಮನೆ ಬಟ್ಟೆ ಅಂಗಡಿಯ ಹಿಂಭಾಗದಲ್ಲೇ ಇತ್ತು. ಯಜಮಾನರು ಮುಂದೆ ಗಿರಾಕಿ ನೋಡುತ್ತಿದ್ದರು. ಒಳಗೆ ಆಕೆ ನಮಗೆ ಅವಲಕ್ಕಿ ಕೊಟ್ಟು ಎದುರಿಗೆ ಕೂತರು.

ಡಾಕ್ಟರು ಶುರು ಮಾಡಿದರು. "ಅಮ್ಮಾ, ಕೋರಸ್ಸಿಗೆ ಬೇರೆ ಮೈಕು ಇತ್ತಾ?"

"ಎದುರಿಗೆ ಎಂತದೋ ಒಂದು ಇತ್ತಪ್ಪ. ಹೆದರಿಕೇಲಿ ನಾನು ನೋಡ್ಲಿಲ್ಲ."

"ಪಿಟೀಲಿನವರು ಎಲ್ಲಿ ಕೂತಿದ್ದರು?"

"ಬೆನ್ನ ಹಿಂದೆ ಇರಬೇಕು. ಮಧ್ಯಾಹ್ನ ಮೊಸರನ್ನ ಕೊಟ್ಟರು. ಉಪ್ಪಿನಕಾಯಿ ಕೇಳಿದರೆ ಗಂಟಲು ಕೆಡ್ತದೆ ಅಂತ ಕೊಡಲೇ ಇಲ್ಲ." ಆ ಬೇಜಾರು ಮಾತ್ರ ಅವರಿಗೆ ಇನ್ನೂ ಹೋಗಿರಲಿಲ್ಲ.

ಮೇಷ್ಟ್ರು ಕೈ ಜೋಡಿಸಿ, "ಒಂದು ಸಲ ಹಾಡ್ತೀರಾ?" ಅಂದರು.

"ನಮ್ಮದು ಎಂತ ಹಾಡು? ಹಾಡಿದ್ದೆಲ್ಲ ದೊಡ್ಡವರು. ನಮ್ಮದು ಬರೀ 'ಆ'."

"ಅದೇ ಸಾಕು."

ಆಕೆ ಕಣ್ಣು ಮುಚ್ಚಿದರು. ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತಾ ಸುಮ್ಮನೆ ಕಾದರು. ಪಲ್ಲವಿಯಷ್ಟು ಹೊತ್ತು ಮನೆ ನಿಶ್ಶಬ್ದ. ಆಮೇಲೆ ಸಣ್ಣಗೆ, ನೇರವಾಗಿ, "ಆ..." ಅಂತ ಬಂತು. ಮತ್ತೆ ನಿಶ್ಶಬ್ದ. ಮತ್ತೆ "ಆ..." ಮಧ್ಯದ ಖಾಲಿ ಜಾಗದಲ್ಲೆಲ್ಲ ಆ ಹಾಡು ನಮ್ಮ ತಲೆಯೊಳಗೆ ಪೂರ್ತಿ ಕೇಳಿಸುತ್ತಿತ್ತು: ಕೊಳಲು, ಪಿಟೀಲು, ದೋಣಿಯ ಹುಟ್ಟಿನ ಸದ್ದು, ಎಲ್ಲ. ಯಾವ ರೆಕಾರ್ಡೂ, ಯಾವ ಸಿ.ಡಿ.ಯೂ ಅಷ್ಟು ಹತ್ತಿರ ಬಂದಿರಲಿಲ್ಲ. ಡಾಕ್ಟರು ಅವಲಕ್ಕಿ ಬಾಯಲ್ಲಿಟ್ಟುಕೊಂಡು ಅಗಿಯುವುದನ್ನೇ ಮರೆತಿದ್ದರು. ಮೇಷ್ಟ್ರು ಶಲ್ಯದಲ್ಲಿ ಮುಖ ಮುಚ್ಚಿಕೊಂಡರು. ಕೊನೆಯ ಚರಣದ ಎತ್ತರದ "ಆ..." ಆಕೆಯ ಗಂಟಲಿನಿಂದ ಹೊರಟು ಸೂರಿನ ಹಂಚಿಗೆ ಮುಟ್ಟಿತು.

ಆಗ ಅಂಗಡಿ ಕಡೆಯಿಂದ ದಡದಡ ಓಡಿ ಬಂದರು ಯಜಮಾನರು. ಕೈಯಲ್ಲಿ ಸುಟ್ಟ ಗಾಯದ ಮುಲಾಮಿನ ಟ್ಯೂಬು.

"ಎಲ್ಲಿ ಸುಟ್ಕೊಂಡೆ? ತೋರಿಸು ಕೈ!"

ನೋಡಿದರೆ ಹೆಂಡತಿ ಕುರ್ಚಿಯಲ್ಲಿ ಕೂತಿದ್ದಾರೆ, ಎದುರಿಗೆ ಮೂರು ಜನ ಗಂಡಸರು ಅಳುತ್ತಿದ್ದಾರೆ. ನಾನೇ ಎದ್ದು ಎಲ್ಲ ಬಿಡಿಸಿ ಹೇಳಿದೆ. ಮದ್ರಾಸು, ರೆಕಾರ್ಡು, ಕೋರಸ್ಸು. ಅವರು ಟ್ಯೂಬನ್ನೇ ನೋಡುತ್ತಾ ನಿಂತುಬಿಟ್ಟರು.

"ಹಾಗಾದ್ರೆ ಮದುವೆ ಆದಾಗಿಂದ ಅಡುಗೆಮನೇಲಿ 'ಆ' ಅಂತಿದ್ದಿದ್ದು..."

"ಹಾಡು" ಅಂದರು ಆಕೆ.

"ಒಂದ್ಸಲಾನೂ ಸುಟ್ಟಿರಲಿಲ್ವಾ?"

"ಒಂದೆರಡು ಸಲ ಸುಟ್ಟಿತ್ತು."

"ಮತ್ತೆ ನಾನು ಮುಲಾಮು ತಂದಾಗೆಲ್ಲ ಕೈ ಯಾಕೆ ಕೊಡ್ತಿದ್ದೆ?"

ಆಕೆ ನಮ್ಮ ಕಡೆ ನೋಡಿ ಸ್ವಲ್ಪ ನಾಚಿಕೊಂಡರು. "ಅಂಗಡಿ ಬಿಟ್ಟು ಓಡಿ ಬರ್ತಿದ್ರಿ. ಅಷ್ಟು ಅಕ್ಕರೆಯಿಂದ ಹಚ್ತಿದ್ರಿ. ಬೇಡ ಅನ್ನೋಕೆ ಮನಸ್ಸು ಬರ್ಲಿಲ್ಲ."

ಹೊರಗಿನಿಂದ ಗಿರಾಕಿ ಕರೆದದ್ದೂ ಯಜಮಾನರಿಗೆ ಕೇಳಿಸಲಿಲ್ಲ. ಆಮೇಲೆ ಟ್ಯೂಬನ್ನು ಜೇಬಿಗೆ ಹಾಕಿಕೊಂಡು, ನನ್ನ ಪಕ್ಕ ಜಾಗ ಮಾಡಿಕೊಂಡು ಕೂತು ಹೇಳಿದರು: "ಹ್ಞೂಂ, ಮೊದಲಿಂದ ಹಾಡು. ಈ ಸಲ ನಾನು ಎದ್ದು ಬರಲ್ಲ."