ಬೀಳಿಸಪ್ಪನ ಕೆಂಪು ಚೆಂಡು

ಚೆಂಡು ಮಾಯ ಮಾಡುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಈ ಭೂಮಿಯ ಮೇಲೆ ಹುಟ್ಟಿಲ್ಲ; ಹುಟ್ಟಿದ್ದರೂ ನನ್ನ ಸುದ್ದಿ ಕೇಳಿ ಬೇರೆ ಕಸುಬು ಹುಡುಕಿಕೊಂಡಿದ್ದಾರೆ. ಒಂದು ಹುಣ್ಣಿಮೆಯ ದಿನ ಹೊತ್ತು ಹೋಗದೆ ನಾನು ಚಂದ್ರನನ್ನೇ ಅಂಗೈಯಲ್ಲಿ ಅಡಗಿಸಿ, ಮಾರನೆಯ ಬೆಳಿಗ್ಗೆ ಹಾಲಿನವನ ಕಿವಿಯ ಹಿಂದಿನಿಂದ ತೆಗೆದಿದ್ದೆ. ಉಬ್ಬರ ಬರಬೇಕೋ ಬೇಡವೋ ತಿಳಿಯದೆ ಸಮುದ್ರದ ಅಲೆಗಳೆಲ್ಲ ದಡದಲ್ಲಿ ನಿಂತು ಒಂದರ ಮುಖ ಒಂದು ನೋಡುತ್ತಿದ್ದವಂತೆ.

ಇಂಥ ನಾನು ಗುರುವಾಗಿ ನಿಂತರೂ ಒಬ್ಬ ಶಿಷ್ಯ ಉದ್ಧಾರವಾಗದೆ ಹೋದ. ಆ ಕತೆಯನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ಬಸ್ಸುಗಳಲ್ಲಿ ಜನ ಮರೆತು ಹೋದ ಸಾಮಾನುಗಳನ್ನು ಕಾಯ್ದಿಡುವ ಕಚೇರಿಯಲ್ಲಿ ಅವನೊಬ್ಬ ಗುಮಾಸ್ತ. ಕೈಗೆ ಕೊಟ್ಟದ್ದು ಕೈಯಲ್ಲಿ ನಿಲ್ಲುವುದಿಲ್ಲ. ಲೋಟ ಕೊಟ್ಟರೆ ಲೋಟ, ಬೀಗದ ಕೈ ಕೊಟ್ಟರೆ ಬೀಗದ ಕೈ, ಎಲ್ಲ ನೆಲಕ್ಕೆ. ಮದುವೆಯಲ್ಲಿ ಹೆಂಡತಿಗೆ ಹಾಕಬೇಕಾಗಿದ್ದ ಹಾರವನ್ನು ಫೋಟೋದವನ ತಲೆಯ ಮೇಲೆ ಬೀಳಿಸಿದ್ದ. ಕಚೇರಿಯವರು ಅವನಿಗೆ ಬೀಳಿಸಪ್ಪ ಎಂದು ಹೆಸರಿಟ್ಟರು; ಅದೊಂದು ಮಾತ್ರ ಅವನಿಂದ ಬೀಳಲಿಲ್ಲ, ಅಂಟಿಕೊಂಡೇ ಬಿಟ್ಟಿತು.

ಆ ದಿನದ ರಾಮಾಯಣ ಶುರುವಾದದ್ದು ಒಂದು ಬಾಚಣಿಗೆಯಿಂದ.

ಬೀಳಿಸಪ್ಪನ ಮಾವ ಎಂಟು ದಿನಕ್ಕೆಂದು ಬಂದು ಹನ್ನೊಂದು ತಿಂಗಳಾಗಿತ್ತು. ಅವರು ಅದೇ ಕಚೇರಿಯಲ್ಲಿ ಮೂವತ್ತು ವರ್ಷ ಮುಖ್ಯಸ್ಥರಾಗಿದ್ದು ನಿವೃತ್ತರಾದವರು. ಯಜಮಾನರಿಲ್ಲದೆ ಬಿದ್ದಿರುವ ವಸ್ತು ಕಂಡರೆ ಅದಕ್ಕೆ ಚೀಟಿ ಕಟ್ಟಿ, ನಂಬರು ಬರೆದು, ಬೀರುವಿನಲ್ಲಿಟ್ಟು ಬೀಗ ಹಾಕುವುದು ಕಚೇರಿಯ ಕ್ರಮ. ಆ ಕ್ರಮವನ್ನು ಮಾವ ಮಗಳ ಮನೆಗೂ ತಂದಿದ್ದರು. ಬೀಳಿಸಪ್ಪ ಸ್ನಾನದ ಮನೆಯಿಂದ ಹೊರಗೆ ಬರುವಷ್ಟರಲ್ಲಿ ಅವನ ಅಂಗಿಗೆ ಚೀಟಿ, ಚಪ್ಪಲಿಗೆ ಚೀಟಿ. ಬಿಡಿಸಿಕೊಳ್ಳಬೇಕಾದರೆ ಗುರುತು ಹೇಳಬೇಕು.

ಆ ಬೆಳಿಗ್ಗೆ ಮಾವ ಬಾಚಣಿಗೆಯನ್ನು ಬೆನ್ನ ಹಿಂದೆ ಹಿಡಿದುಕೊಂಡು ಕೇಳಿದರು. "ಬಣ್ಣ?"

"ಕಪ್ಪು, ಮಾವ."

"ಹಲ್ಲು ಎಷ್ಟು?"

"ಬಾಚಣಿಗೆ ಹಲ್ಲು ಯಾರು ಎಣಿಸ್ತಾರೆ ಮಾವ? ಆಫೀಸಿಗೆ ಹೊತ್ತಾಯ್ತು!"

"ಎಣಿಸದೆ ಇದ್ರೆ ನಿಂದು ಅಂತ ಏನು ಗ್ಯಾರಂಟಿ? ಮೂವತ್ತೆಂಟು. ಹಿಡಿ."

ಹಿಡಿಯಲು ಹೋದ, ಬಾಚಣಿಗೆ ಅವನ ಬೆರಳುಗಳ ಸಂದಿಯಿಂದ ಜಾರಿ ಮಾವನ ಬಿಸಿ ಚಹಾದೊಳಗೆ ಬಿತ್ತು. ಆ ಸಿಡಿತಕ್ಕೆ ಮೂರು ಓಣಿಗಳಾಚೆ ಒಗೆದು ಹಾಕಿದ್ದ ಬಟ್ಟೆಗೆಲ್ಲ ಕಲೆಯಾಯಿತು.

"ಅಯ್ಯೋ ನಿನ್ನ ಕೈಗಿಷ್ಟು!" ಮಾವ ಎದ್ದು ನಿಂತರು. "ಇವತ್ತು ನಾಲ್ಕು ಗಂಟೆಗೆ ಆಫೀಸಿನ ವಾರ್ಷಿಕೋತ್ಸವದ ಸಭೆ. ನಾನೇ ಮುಖ್ಯ ಅತಿಥಿ. ನೀನು ಅದೇನೋ ಚೆಂಡಿನ ಜಾದು ಮಾಡ್ತೀಯಂತೆ. ಕೇಳಿಸ್ಕೋ. ಇವತ್ತು ಜನರ ಮುಂದೆ ನಗೆಪಾಟಲಾಗದೆ ಅದನ್ನ ಮಾಡಿ ಮುಗಿಸಿದ್ರೆ, ನಾಳೆ ಬೆಳಿಗ್ಗೆನೇ ಪೆಟ್ಟಿಗೆ ಕಟ್ಕೊಂಡು ದೊಡ್ಡ ಮಗಳ ಮನೆಗೆ ಹೋಗ್ತೀನಿ. ಆಗಲಿಲ್ವೋ, ನನ್ನ ಉಸಿರು ಇರೋ ತನಕ ಇಲ್ಲೇ ಇದ್ದು ನಿನಗೆ ಹಿಡಿಯೋದು ಕಲಿಸ್ತೀನಿ."

ಬೀಳಿಸಪ್ಪನ ಕಣ್ಣಲ್ಲಿ ಹನ್ನೊಂದು ತಿಂಗಳ ನಂತರ ಬೆಳಕು ಕಂಡಿತು. ಅವನು ನೆಟ್ಟಗೆ ನನ್ನ ಹತ್ತಿರ ಓಡಿ ಬಂದ.

"ಅಣ್ಣಾ, ಕಾಪಾಡಬೇಕು! ಹಾಡು, ಮಿಮಿಕ್ರಿ ಎಲ್ಲ ಬೇರೆಯವರು ಹಿಡ್ಕೊಂಡ್ರು. ನನಗೆ ಉಳಿದಿದ್ದು ಜಾದು. ಚೆಂಡು ಹೇಗಿರುತ್ತೆ ಅನ್ನೋದು ಬಿಟ್ಟು ನನಗೆ ಇನ್ನೇನೂ ಗೊತ್ತಿಲ್ಲ."

"ನನ್ನ ಹತ್ತಿರ ಬಂದೆಯಲ್ಲ, ಇನ್ನು ಚಿಂತೆ ಬಿಡು," ಎಂದು ನಾನು ಅವನನ್ನು ಆಟದ ಸಾಮಾನಿನ ಅಂಗಡಿಗೆ ಕರೆದುಕೊಂಡು ಹೋದೆ.

ಅಂಗಡಿಯಾಕೆ ಕನ್ನಡಕವನ್ನು ಮೂಗಿನ ತುದಿಗಿಳಿಸಿ ಬೀಳಿಸಪ್ಪನ ಕೈಗಳನ್ನು ತಿರುವಿ ತಿರುವಿ ನೋಡಿ, ಸ್ಪಂಜಿನ ಚೆಂಡು ಕೊಟ್ಟಳು. "ಹೊಸಬರಿಗೆ ಇದೇ ಸರಿ. ಮೆತ್ತಗಿರುತ್ತೆ, ಒತ್ತಿದ್ರೆ ನೆಲ್ಲಿಕಾಯಷ್ಟಾಗುತ್ತೆ, ಮುಷ್ಟೀಲಿ ಇದ್ದದ್ದೇ ಗೊತ್ತಾಗಲ್ಲ. ಬಿದ್ರೂ ಸದ್ದಿಲ್ಲ."

ಬೀಳಿಸಪ್ಪ ಹಿಡಿದ. ಆಶ್ಚರ್ಯ! ಚೆಂಡು ಅವನ ಅಂಗೈಯಲ್ಲಿ ಮರಿಹಕ್ಕಿಯಂತೆ ಕೂತುಬಿಟ್ಟಿತು. ಒಂದು ನಿಮಿಷವಾಯಿತು, ಬೀಳಲಿಲ್ಲ. ಎರಡು ನಿಮಿಷವಾಯಿತು, ಬೀಳಲಿಲ್ಲ. ಅವನ ಕಣ್ಣು ತುಂಬಿ ಬಂತು.

"ಛೀ, ಛೀ, ಇಡು ಕೆಳಗೆ," ಎಂದೆ ನಾನು. "ಅದು ಮಕ್ಕಳಾಟ. ದೊಡ್ಡ ಸಭೆಗೆ ದೊಡ್ಡ ಚೆಂಡೇ ಬೇಕು."

ಮರದ್ದು, ಬೆಂಡಿನದು, ರಬ್ಬರಿನದು ಎಲ್ಲ ಬಂದವು. ರಬ್ಬರಿನದು ಅವನ ಕೈಬಿಟ್ಟು ಪುಟಿಯತೊಡಗಿ, ಸೂರಿಗೆ, ಗೋಡೆಗೆ, ಅಂಗಡಿಯಾಕೆಯ ಹಣೆಗೆ ಬಡಿಯುತ್ತ ಮುಕ್ಕಾಲು ಗಂಟೆ ನಿಲ್ಲಲೇ ಇಲ್ಲ. ಕೊನೆಗೆ ನಾನೇ ಆರಿಸಿದೆ: ಕೆಂಪಗೆ, ಗಟ್ಟಿಯಾಗಿ, ಕನ್ನಡಿಯ ಹಾಗೆ ಹೊಳೆಯುವ, ಅವನ ಅಂಗೈಗಿಂತ ಒಂದು ಸುತ್ತು ದೊಡ್ಡದಾದ ಚೆಂಡು. ಒಂದೇ ಥರದವು ಎರಡು.

"ಎರಡು ಯಾಕಣ್ಣಾ?"

"ಒಂದು ನಿನ್ನ ಕೈಯಲ್ಲಿ, ಅದು ಎಲ್ಲರಿಗೂ ಕಾಣಬೇಕು. ಇನ್ನೊಂದನ್ನ ಮೊದಲೇ ಗುಟ್ಟಾಗಿ ಮಾವನ ಕೈಚೀಲದಲ್ಲಿ ಹಾಕಿಡು. ಕೈಯಲ್ಲಿರೋದನ್ನ ಮಾಯ ಮಾಡಿ, ಮಾವನ ಚೀಲ ನೋಡಿ ಅನ್ನು. ಜನಕ್ಕೆ ಇರೋದು ಒಂದೇ ಚೆಂಡು ಅನ್ಸುತ್ತೆ."

"ಇದು ಜಾರುತ್ತಲ್ಲ?"

"ತಲೆಗೆ ಹಚ್ಚೋ ಎಣ್ಣೆನ ಕೈಗೆ ತಿಕ್ಕು."

ಅಂಗಡಿಯಾಕೆ ಬಾಯಿ ಬಿಟ್ಟಳು. "ಎಣ್ಣೆನಾ? ನಾವು ಕಂಡ ಹಾಗೆ ಎಲ್ಲರೂ ಪೌಡರು..."

"ತಾಯಿ, ಚಂದ್ರನನ್ನ ಹಿಡಿದ ಕೈ ಇದು," ಎಂದೆ. ಆಕೆ ಚೆಂಡುಗಳನ್ನು ಪೊಟ್ಟಣ ಕಟ್ಟಿಕೊಟ್ಟಳು.

ಕಚೇರಿಯಲ್ಲಿ ಸ್ವಲ್ಪ ಜಾಗವಿದ್ದದ್ದು ಕೊಡೆಗಳ ಕೋಣೆಯಲ್ಲಿ ಮಾತ್ರ. ಅಲ್ಲಿ ಅಭ್ಯಾಸ ಶುರುವಾಯಿತು. ಸುತ್ತ ಒಂಬತ್ತು ಲಕ್ಷ ಕೊಡೆಗಳು ಬಾವಲಿಗಳ ಹಾಗೆ ತಲೆಕೆಳಗಾಗಿ ತೂಗುತ್ತಿದ್ದವು.

"ನೋಡು," ಎಂದೆ. "ಚೆಂಡು ಬಲಗೈಯಲ್ಲಿ. ಎಡಗೈಗೆ ಕೊಟ್ಟ ಹಾಗೆ ಮಾಡು, ಕೊಡಬೇಡ. ಕಣ್ಣು ಎಡಗೈ ಮೇಲೆ. ಮಾತು ಜನರ ಕಡೆ. ಕಾಲು ಬಲಕ್ಕೆ."

"ನನ್ನ ಬುದ್ಧಿ ಎಲ್ಲಿಡಲಿ ಅಣ್ಣಾ?"

ಅವನು ಕೊಡಬಾರದ್ದನ್ನು ಕೊಟ್ಟ, ನೋಡಬಾರದ ಕೈ ನೋಡಿದ, ಮಾತನ್ನು ತನ್ನ ಎಡಗೈ ಜೊತೆ ಆಡಿದ. ಚೆಂಡು ದಡಾರನೆ ನೆಲಕ್ಕೆ ಬಿದ್ದು ಉರುಳಿತು. ಕೊಡೆ ಕೋಣೆಯ ನೌಕರ ಅದನ್ನೆತ್ತಿ ಆಗಲೇ ಚೀಟಿ ಕಟ್ಟುತ್ತಿದ್ದ.

"ಅದು ನಂದು ಕಣಯ್ಯಾ!"

"ಇರಬಹುದು ಸಾರ್. ಆದ್ರೆ ನೆಲದ ಮೇಲಿತ್ತು, ಯಾರ ಕೈಲೂ ಇರಲಿಲ್ಲ. ಗುರುತು ಹೇಳಿ. ಎಲ್ಲಿ ಕಳೆದುಕೊಂಡ್ರಿ?"

"ಇಲ್ಲೇ! ನಿನ್ನ ಕಣ್ಣ ಮುಂದೆ!"

"ಯಾವ ಬಸ್ಸಿನ ನಂಬರು?"

"ಬಸ್ಸೇ ಹತ್ತಿಲ್ಲ ಮಾರಾಯ!"

"ಬಸ್ಸು ಹತ್ತದೆ ಹೆಂಗೆ ಸಾರ್ ಕಳ್ಕೊಂಡ್ರಿ? ಅರ್ಜೀಲಿ ಆ ಜಾಗ ಖಾಲಿ ಬಿಡೋ ಹಾಗಿಲ್ಲ."

ಹೀಗೆ ಇಪ್ಪತ್ತಾರು ಸಲ ಚೆಂಡು ಬಿತ್ತು, ಇಪ್ಪತ್ತಾರು ಅರ್ಜಿ ತುಂಬಿದ. ಕೊನೆಕೊನೆಗೆ ತಾನು ಯಾವ ಬಸ್ಸಿನಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದೇನೆ ಎಂದು ಅವನಿಗೇ ಅನುಮಾನ ಬಂತು. ನಡುನಡುವೆ ಬಾಗಿಲಲ್ಲಿ ತಲೆಗಳು ಮೂಡಿ ಸಲಹೆ ಕೊಟ್ಟು ಹೋಗುತ್ತಿದ್ದವು. ಉಸಿರು ಬಿಗಿಹಿಡಿ ಎಂದರು ಒಬ್ಬರು, ಬಿಡು ಎಂದರು ಇನ್ನೊಬ್ಬರು. ಅವನು ಇಬ್ಬರ ಮಾತನ್ನೂ ನಡೆಸಲು ಹೋಗಿ ಬಿಕ್ಕಳಿಕೆ ತರಿಸಿಕೊಂಡ.

ಮೂರು ಗಂಟೆಗೆ ಮಾವ ಬಂದರು. ಕೈಚೀಲವನ್ನು ಮೊದಲ ಸಾಲಿನ ಕುರ್ಚಿಗೆ ನೇತುಹಾಕಿ ಹಳೆಯ ಬೀರುಗಳ ಯೋಗಕ್ಷೇಮ ವಿಚಾರಿಸಲು ಹೊರಟರು. ಬೀಳಿಸಪ್ಪ ಬೆಕ್ಕಿನಂತೆ ಹೋಗಿ ಎರಡನೆಯ ಚೆಂಡನ್ನು ಚೀಲದೊಳಗೆ ಇಳಿಬಿಟ್ಟ. ಜೀವಮಾನದಲ್ಲಿ ಅವನ ಕೈಯಿಂದ ಬೀಳಬೇಕಾದ ಜಾಗಕ್ಕೇ ಬಿದ್ದ ಮೊದಲ ವಸ್ತು ಅದು. ಆಮೇಲೆ ಎಣ್ಣೆ ತಿಕ್ಕಿಕೊಳ್ಳಲು ಹೋದ. ಅಷ್ಟು ಹೊತ್ತು ನಾನು ಒಂದು ಅವಸರದ ಕೆಲಸದ ಮೇಲೆ ಮುಂದಿನ ಕೌಂಟರಿನ ಕಡೆ ಹೋಗಿದ್ದೆ. ಏನು ಕೆಲಸ ಎಂದು ಕೇಳಬೇಡಿ. ದೊಡ್ಡವರಿಗೆ ನೂರೆಂಟು ಕೆಲಸವಿರುತ್ತವೆ.

ನಾಲ್ಕು ಗಂಟೆ. ಇಡೀ ಕಚೇರಿ ಸೇರಿತ್ತು. ಬೀಳಿಸಪ್ಪ ತೆರೆದ ಕಿಟಕಿಗೆ ಬೆನ್ನು ಹಾಕಿ ನಿಂತ. ಎಣ್ಣೆಗೈಯಲ್ಲಿ ಕೆಂಪು ಚೆಂಡು ಆಗಷ್ಟೇ ನೀರಿನಿಂದ ಎತ್ತಿದ ಮೀನಿನ ಹಾಗೆ ಮಿಸುಕುತ್ತಿತ್ತು. ನಾನು ಕಿಟಕಿಯ ಪಕ್ಕದಲ್ಲೇ ಇದ್ದೆ.

"ಮಾ... ಮಾನ್ಯರೇ," ಎಂದ, ಬಿಕ್ಕಳಿಸಿದ. "ಚೆಂಡು ಈ ಕೈಯಲ್ಲಿದೆ. ಅಲ್ಲ, ಆ ಕೈಯಲ್ಲಿದೆ. ಅಂದ್ರೆ... ಇರಬೇಕು."

ತನ್ನ ಎಡಗೈಯನ್ನು ಅವನು ಎಂಥ ಗಾಬರಿಯಿಂದ ನೋಡಿದನೆಂದರೆ, ನೂರು ಜನರ ಕಣ್ಣೂ ಆ ಕೈಗೇ ಅಂಟಿಕೊಂಡವು. ಅದೇ ಕ್ಷಣ ಬಲಗೈಯ ಚೆಂಡು ಸೋಪಿನಂತೆ ಜಾರಿ, ಹೆಗಲ ಮೇಲಿಂದ ಹಾರಿ, ಕಿಟಕಿಯಿಂದಾಚೆ ಹುಲ್ಲಿನೊಳಗೆ ಬಿತ್ತು. ನನ್ನನ್ನು ಬಿಟ್ಟು ಯಾರೂ ನೋಡಲಿಲ್ಲ.

ಎಡಗೈ ಬಿಚ್ಚಿದ, ಖಾಲಿ. ಬಲಗೈ ಬಿಚ್ಚಿದ, ಅದೂ ಖಾಲಿ. ಎಲ್ಲರಿಗಿಂತ ಹೆಚ್ಚು ಬೆರಗಾದವನು ಬೀಳಿಸಪ್ಪನೇ. ತನ್ನ ಜೇಬು ಮುಟ್ಟಿ ನೋಡಿಕೊಂಡ, ಅಂಗಿಯ ತೋಳು ಕೊಡವಿದ. ಆಮೇಲೆ ಬಾಯಿಪಾಠ ಮಾಡಿದ್ದು ನೆನಪಾಯಿತು.

"ಚೆಂಡು ಈಗ... ನಮ್ಮ ಮಾವನ ಚೀಲದಲ್ಲಿದೆ!"

ಮಾವ ಚೀಲವನ್ನು ಮೇಜಿನ ಮೇಲೆ ಸುರಿದರು. ಕನ್ನಡಕದ ಡಬ್ಬಿ, ಚೀಟಿ ಕಟ್ಟಿದ ಕರವಸ್ತ್ರ, ಚೀಟಿ ಕಟ್ಟಿದ ಪೆನ್ನು. ಚೆಂಡಿಲ್ಲ.

ಸಭೆಯ ಹಿಂದಿನಿಂದ ಯಾರೋ ಕಿಸಕ್ಕೆಂದರು. ಮಾವ ಕೈಕಟ್ಟಿ ಕೂತು, "ನಾಳೆ ಬೆಳಿಗ್ಗೆ ಐದಕ್ಕೆ ಏಳು. ಮೊದಲ ಪಾಠ ಲೋಟ ಹಿಡಿಯೋದು," ಎಂದರು. ಬೀಳಿಸಪ್ಪನ ಮುಖ ಒಗೆದು ಹಿಂಡಿದ ಬಟ್ಟೆಯಂತಾಯಿತು.

ಅಷ್ಟರಲ್ಲಿ ಮುಂದಿನ ಕೌಂಟರಿನಲ್ಲಿ ಚೀಟಿ ಕಟ್ಟುವ ಚೀಟಿಯಮ್ಮ ಎದ್ದು ನಿಂತಳು. "ಸ್ವಲ್ಪ ತಡೀರಿ. ಕೆಂಪು ಚೆಂಡಾ? ಹೊಳಪಿತ್ತಾ? ಇಷ್ಟು ಗಾತ್ರನಾ?"

"ಹೌದು," ಎಂದ ಬೀಳಿಸಪ್ಪ ಅಳುದನಿಯಲ್ಲಿ.

"ಅದು ನನ್ನ ಬೀರುವಿನಲ್ಲಿದೆಯಲ್ಲ!"

ಸಭೆಗೆ ಸಭೆಯೇ ಕೌಂಟರಿಗೆ ನುಗ್ಗಿತು. ಚೀಟಿಯಮ್ಮ ಸೊಂಟದಿಂದ ಬೀಗದ ಕೈ ತೆಗೆದಳು. ಕಬ್ಬಿಣದ ಬೀರು, ಒಳಗೆ ಡಬ್ಬಿ, ಡಬ್ಬಿಗೆ ದಾರ, ದಾರಕ್ಕೆ ಅರಗಿನ ಮುದ್ರೆ. ಮುದ್ರೆ ಒಡೆದರೆ ಒಳಗೆ ಕೆಂಪು ಚೆಂಡು!

"ಇದೇ, ಇದೇ!" ಎಂದು ಕೊಡೆ ಕೋಣೆಯವನು ಕುಣಿದ. "ಬೆಳಿಗ್ಗೆಯಿಂದ ಇಪ್ಪತ್ತಾರು ಸಲ ನನ್ನ ಕೈಲೇ ಚೀಟಿ ಕಟ್ಟಿಸ್ಕೊಂಡಿದೆ!"

ಕೈಯಲ್ಲಿದ್ದ ಚೆಂಡು ಬೀಗದೊಳಗೆ, ಡಬ್ಬಿಯೊಳಗೆ, ಮುದ್ರೆಯೊಳಗೆ! ಬಿದ್ದ ಚಪ್ಪಾಳೆಗೆ ಕೊಡೆ ಕೋಣೆಯ ಒಂಬತ್ತು ಲಕ್ಷ ಕೊಡೆಗಳೂ ಒಟ್ಟಿಗೆ ಬಿಚ್ಚಿಕೊಂಡವು. ಏನಾಯಿತೆಂದು ತಿಳಿಯದೆ ಬೀಳಿಸಪ್ಪ ತಾನೂ ಜೋರಾಗಿ ಚಪ್ಪಾಳೆ ತಟ್ಟಿದ.

ಮಾವ ಅವನ ಬೆನ್ನು ತಟ್ಟಿದರು. "ಭಲೇ ಅಳಿಯಂದಿರೇ! ಕೊಟ್ಟ ಮಾತು ಮಾತೇ. ನಾಳೆ ಬೆಳಿಗ್ಗೆ ಪೆಟ್ಟಿಗೆ ಕಟ್ತೀನಿ."

ಕತೆಯನ್ನು ಇಲ್ಲಿಗೆ ಮುಗಿಸುವುದು ಎಲ್ಲರಿಗೂ ಒಳ್ಳೆಯದು ಎಂದು ನನಗನ್ನಿಸುತ್ತದೆ. ಶಿಷ್ಯ ಗೆದ್ದ, ಗುರುವಿಗೆ ಕೀರ್ತಿ ಬಂತು. ಆದರೆ ಮಾವ ಬಿಡಬೇಕಲ್ಲ. ಮೂವತ್ತು ವರ್ಷದ ಚಾಳಿ ಎಲ್ಲಿ ಹೋದೀತು?

"ಅದಿರಲಿ ಚೀಟಿಯಮ್ಮ, ಇದನ್ನ ತಂದುಕೊಟ್ಟೋರು ಯಾರು? ಸಹಿ ಇಲ್ಲದೆ ನನ್ನ ಕಾಲದಲ್ಲಿ ಒಂದು ಗುಂಡುಸೂಜಿನೂ ಒಳಗೆ ಇಡ್ತಿರಲಿಲ್ಲ."

"ಸಹಿ ತಗೊಂಡಿದೀನಲ್ಲ ಸಾರ್. ಮೂರೂಕಾಲು ಗಂಟೆಗೆ. ಹೊರಗಿನ ಬೆಂಚಿನ ಮೇಲೆ ಸಿಕ್ತು ಅಂದ್ರು."

ರಿಜಿಸ್ಟರು ಬಂತು. ಮಾವ ಕನ್ನಡಕ ಏರಿಸಿ ಸಹಿಯನ್ನು ನೋಡಿದರು. ಹತ್ತಿರದಿಂದ ನೋಡಿದರು, ದೂರದಿಂದ ನೋಡಿದರು. ಆಮೇಲೆ ತಲೆ ಎತ್ತಿ, ಮೆಲ್ಲನೆ ಬಾಗಿಲ ಕಡೆ ಸರಿಯುತ್ತಿದ್ದ ನನ್ನನ್ನು ಕರೆದರು.

"ಬನ್ನಿ ದೊಡ್ಡಳಿಯಂದಿರೇ, ಬನ್ನಿ. ಎಲ್ಲಿಗೆ ಹೊರಟ್ರಿ?"

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮಾವನ ದೊಡ್ಡ ಮಗಳ ಗಂಡ ನಾನೇ. ಬೀಳಿಸಪ್ಪ ನನ್ನ ಷಡ್ಡಕ. ಅವನು ಗೆದ್ದರೆ ಮಾವನ ಪೆಟ್ಟಿಗೆ ಬಂದು ಇಳಿಯುವುದು ನನ್ನ ಮನೆಯ ಜಗಲಿಯ ಮೇಲೆ.

"ಅಣ್ಣಾ, ಚೀಲದಿಂದ ತೆಗೆದದ್ದು ನೀವಾ?" ಬೀಳಿಸಪ್ಪ ಕಕ್ಕಾಬಿಕ್ಕಿಯಾಗಿ ಕೇಳಿದ. "ಮತ್ತೆ ಎಣ್ಣೆ? ಅದಾದ್ರೂ ನಿಜನಾ?"

"ಜೇಬಿನಲ್ಲಿಟ್ಟುಕೊಂಡ್ರೆ ಸಿಕ್ಕಿಬೀಳ್ತೀನಿ ಅಂತ ಬೀಗಕ್ಕೆ ಹಾಕಿಸಿದೆ," ಎಂದೆ ನಾನು. "ಎಣ್ಣೆ ಸುಳ್ಳು, ಅಂಗಡಿಯಾಕೆ ಹೇಳಿದ ಪೌಡರೇ ಸರಿ."

ಮಾವ ರಿಜಿಸ್ಟರನ್ನು ಧಪ್ಪೆಂದು ಮುಚ್ಚಿದರು. "ಇಂಥ ಕಪಟಿ ಮನೆಗೆ ನಾನು ಕಾಲಿಡಲ್ಲ. ಪೆಟ್ಟಿಗೆ ಎಲ್ಲಿದೆಯೋ ಅಲ್ಲೇ ಇರಲಿ. ನನಗೆ ಈ ಸಾಧು ಪ್ರಾಣಿನೇ ಗತಿ, ಇವನಿಗೆ ನಾನೇ ಗತಿ."

"ಮಾವ, ನಾನು ಗೆದ್ದೆನಲ್ಲ! ಮಾತು ಮಾತೇ ಅಂದ್ರಲ್ಲ!"

"ಗೆದ್ದೆ ಕಣಪ್ಪ. ಅದಕ್ಕೇ ನಿನ್ನ ಬಿಟ್ಟು ಹೋಗಕ್ಕೆ ಮನಸ್ಸು ಬರ್ತಿಲ್ಲ. ನಡಿ, ಮನೆಗೆ ಹೋಗೋಣ."

ಬೀಳಿಸಪ್ಪ ನನ್ನನ್ನು ನೋಡಿದ, ಮಾವನನ್ನು ನೋಡಿದ. ಗೆದ್ದದ್ದು ಯಾರು, ಸೋತದ್ದು ಯಾರು ಎಂದು ಲೆಕ್ಕ ಹತ್ತದೆ ಅವರ ಹಿಂದೆ ಕಾಲೆಳೆಯುತ್ತ ಹೋದ.

ಸಿಕ್ಕಿಬಿದ್ದ ಮೇಲೆ ಪೂರ್ತಿ ನಿಜವನ್ನೇ ಹೇಳಿಬಿಡುತ್ತೇನೆ. ನನಗೆ ಯಾವ ಜಾದುವೂ ಬರುವುದಿಲ್ಲ. ಗೋಲಿಯನ್ನು ಕೂಡ ನಾನು ಮಾಯ ಮಾಡಿದವನಲ್ಲ. ನಾನು ಮಾಯ ಮಾಡಿದ್ದು ಮಾವ ತಮ್ಮ ದೊಡ್ಡ ಮಗಳಿಗೆ, "ಮುಂದಿನ ವಾರ ನಿಮ್ಮ ಮನೆಗೆ ಬರಲೇನಮ್ಮ?" ಎಂದು ಬರೆದ ಮೂರು ಕಾಗದಗಳನ್ನು ಮಾತ್ರ. ಅಪ್ಪ ತನ್ನನ್ನು ಮರೆತೇಬಿಟ್ಟರು ಎಂದು ಅವಳು ಈಗಲೂ ಒಳಗೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಾಳೆ. ಹೋಗಿ ಹೇಳಬೇಕು. ಹೇಗೆ ಹೇಳುವುದು ಎಂದು ಮಾತ್ರ ತಿಳಿಯುತ್ತಿಲ್ಲ.