ಹಣಿ ಮ್ಯಾಲಿನ ಪೇಸ್ಟು

ಬರ್ರಿ, ಇಲ್ಲೇ ಕಂಬಳಿ ಮ್ಯಾಲ ಕುಂದರ್ರಿ. ಎಲಿ ಅಡಿಕಿ ಆ ಚಂಚಿಯಾಗ ಐತಿ, ಬಾಯಾಗ ಹಾಕ್ಕೊಂಡು ಸುಮ್ನ ಕೇಳ್ರಿ. ಮನ್ಯಾಗ ರಿಪೇರಿ ಅಂಗಡಿ ಇತ್ತಂದ್ರ ನಗು ಹುಡುಕಿಕೊಂಡು ಹೋಗಬೇಕಿಲ್ಲ, ತಾನ ಬಾಗಿಲಿಗೆ ಬರತೈತಿ.

ನಾವು ಕೊಟ್ಟೂರಿನವರು. ಸೊಸಿ ಹೊಸಪೇಟ್ಯಾಗ ಕಂಪ್ಯೂಟರ್ ರಿಪೇರಿ ಕಲ್ತು ಬಂದು, ನಮ್ಮ ಪಡಸಾಲ್ಯಾಗ ಮೇಜು ಹಾಕ್ಕೊಂಡು ಕುಂತ್ಲು. ನಮ್ಮ ಯಜಮಾನರಿಗೆ ಅದು ಸೇರಲಿಲ್ಲ. "ಅದು ಶೇಂಗಾ ಚೀಲ ಇಡೋ ಜಾಗ" ಅಂತ ದಿನಾ ಗೊಣಗೋರು. ನಾನು ಓದಿದಾಕಿ ಅಲ್ಲ, ನೋಡಿ ನೋಡಿ ಒಂದಿಷ್ಟು ತಿಳಕೊಂಡೆ. ಕಂಪ್ಯೂಟರಿನ ಹೊಟ್ಟ್ಯಾಗ ಗ್ರಾಫಿಕ್ಸ್ ಕಾರ್ಡು ಅಂತ ಒಂದು ಹಲಗಿ ಇರತೈತಿ. ಪರದಿ ಮ್ಯಾಲ ಚಿತ್ರ ಮೂಡಸೋದು ಅದ. ದುಡಿದು ದುಡಿದು ರೊಟ್ಟಿ ಹಂಚಿನಂಗ ಕಾಯತೈತಿ. ಆ ಕಾವು ಮ್ಯಾಲಿನ ಅಲ್ಯೂಮಿನಿಯಂ ತುಂಡಿಗೆ ದಾಟಲಿ ಅಂತ ನಡುವ ಬಿಳೇ ಪೇಸ್ಟು ಹಚ್ಚತಾರ, ಪಕ್ಕದಾಗ ಮೆತ್ತನ್ನ ಪ್ಯಾಡು ಇಡತಾರ. ಅವು ಒಣಗಿದ್ರ ಕಂಪ್ಯೂಟರ್ ಕೆಲಸದ ನಡುವ ಕಣ್ಣು ಮುಚ್ಚಿಬಿಡತೈತಿ.

೧. ಮೆತ್ತನ್ನ ಪ್ಯಾಡು

ಹಗರಿಬೊಮ್ಮನಹಳ್ಳ್ಯಾಗ ಮದುವಿ ವಿಡಿಯೊ ಮಾಡೋ ಒಬ್ಬ ಸ್ಟುಡಿಯೊದಾವ ಇದ್ದ. ಬಸ್ಸಿನ್ಯಾಗ ಕಂಪ್ಯೂಟರ್ ತೊಡಿ ಮ್ಯಾಲ ಇಟ್ಕೊಂಡು ಬಂದ. ಸೊಸಿ ಬಿಚ್ಚಿದ್ಲು. ಪಡಸಾಲಿ ತುಂಬ ಸುಟ್ಟ ರಬ್ಬರ್ ವಾಸನಿ.

"ಅಣ್ಣಾರ, ಪ್ಯಾಡಿನ ಜಾಗದಾಗ ಇದೇನ್ರಿ ನೀಲಿದು?"

"ಹಳೇದು ಹರಿದಿತ್ತು ತಂಗಿ. ಹವಾಯಿ ಚಪ್ಪಲಿ ಕೊಯ್ದು ಇಟ್ಟೆ. ಅದೂ ಮೆತ್ತಗ ಇತ್ತಲ್ಲ."

"ಚಪ್ಪಲಿ ಕಾವು ದಾಟಸಂಗಿಲ್ರಿ, ತಡೀತೈತಿ."

ಅವ ತಲಿ ಕೆರಕೊಂಡ. "ಹೌದಲ್ಲ. ಬ್ಯಾಸಗ್ಯಾಗ ನಾವು ಮೆಟ್ಟೋದು ಅದಕ್ಕ."

೨. ಬೆಣ್ಣಿ

ಸೊಸಿ ಹೊಸ ಪ್ಯಾಡು ಇಟ್ಟು, ಅಕ್ಕಿಕಾಳಿನಷ್ಟು ಪೇಸ್ಟು ಹಚ್ಚಿ ಕೊಟ್ಲು. ಅವಗ ಸಮಾಧಾನ ಆಗಲಿಲ್ಲ. "ಇಷ್ಟ ಏನು ತಂಗಿ? ಕೈ ಬಾಳ ಬಿಗಿ ನಿಂದು" ಅಂದು, ಇದ್ದ ಒಂದು ತುಂಬಿದ ಟ್ಯೂಬು ಕೇಳಿ ಇಸ್ಕೊಂಡು ಹೋದ. ಮುಂದಿನ ವಾರ ಮತ್ತ ಹಾಜರ್. ಪರದಿ ಕರ್ರಗ. ಬಿಚ್ಚಿದ್ರ ಪೇಸ್ಟು ನಾಕೂ ಕಡೆ ಹರದೈತಿ.

"ಏನು ಮಾಡಿದ್ರಿ ಅಣ್ಣಾರ?"

"ಏನಿಲ್ಲ, ರೊಟ್ಟಿಗೆ ಬೆಣ್ಣಿ ಹಚ್ಚಿದಂಗ ಹಚ್ಚಿದೆ. ಟ್ಯೂಬು ಖಾಲಿ ಆತು."

ನಾನಂದೆ, "ಶೇಂಗಾ ಚಟ್ನಿ ಒಂದು ಯಾಕ ಬಿಟ್ಟಿ ತಮ್ಮಾ?"

೩. ವಿಭೂತಿ

ಅವ ನಗಲಿಲ್ಲ. ವಿಡಿಯೊದಾಗಿನ ಮದುಮಗಳು ಅವತ್ತ ಸಂಜಿ ಸೊಲ್ಲಾಪುರಕ್ಕ ಗಂಡನ ಮನಿಗೆ ಹೊಂಟಿದ್ಲು. ಸಿಡಿ ಕೈಗೆ ಬರೋತನಕ ಏಳಂಗಿಲ್ಲ ಅಂತ ಅಕಿ ಅಪ್ಪ ಸ್ಟುಡಿಯೊದಾಗ ಕುಂತುಬಿಟ್ಟಿದ್ದ.

ಯಜಮಾನರಿಗೆ ಇದ ಬೇಕಾಗಿತ್ತು. "ಏನವ್ವಾ, ಇವತ್ತು ಇದು ಚಾಲೂ ಆಗಲಿಲ್ಲಂದ್ರ ನಾಳಿ ಪಡಸಾಲಿ ಖಾಲಿ ಮಾಡು" ಅಂದು ಜಳಕಕ್ಕ ಹೋದ್ರು.

ಸೊಸಿ ಕಾರ್ಡು ಒರೆಸಿ ಚೊಕ್ಕ ಮಾಡಿದ್ಲು. ಹಳೇ ಟ್ಯೂಬು ಕತ್ರಿಸಿ, ತಳದಾಗ ಉಳಿದ ಪೇಸ್ಟು ಬಟ್ಟಲಕ್ಕ ಕೆರೆದ್ಲು. ಧೂಳು ಬೀಳಬಾರದು ಅಂತ ಬಟ್ಟಲ ಗೋಡಿ ಗೂಡಿನ್ಯಾಗ ಇಟ್ಟು, ಕಂಪ್ಯೂಟರಿನ ಫ್ಯಾನು ಝಾಡಿಸಾಕ ಹಿತ್ತಲಕ್ಕ ಹೋದ್ಲು.

ಆ ಗೂಡು ಯಜಮಾನರು ವಿಭೂತಿ ಕಲಸಿ ಇಡೋ ಜಾಗ. ಒದ್ದಿ ಧೋತ್ರದಾಗ ಬಂದ್ರು, ಕಣ್ಣು ಮುಚ್ಚಿ "ಶಿವ ಶಿವ" ಅಂದ್ರು, ಮೂರು ಬೆರಳು ಅದ್ದಿ ಹಣಿ, ತೋಳು, ಎದಿ ಎಲ್ಲಾ ಬಳಕೊಂಡ್ರು.

"ಇವತ್ತಿನ ವಿಭೂತಿ ಯಾಕೋ ಜಿಡ್ಡೈತಿ. ಆದ್ರ ತಂಪೈತಿ ಬಿಡು."

ಸೊಸಿ ಬಂದು ಖಾಲಿ ಬಟ್ಟಲ ನೋಡಿದ್ಲು, ಮಾವನ ಹಣಿ ನೋಡಿದ್ಲು. ಪೇಸ್ಟು ಸವರೋ ಹಳೇ ಪ್ಲಾಸ್ಟಿಕ್ ಕಾರ್ಡು ಕೈಗೆ ತಗೊಂಡ್ಲು.

"ಮಾವಾರ, ಒಂದೀಟು ಕುಂದರ್ರಿ. ಸಿಟ್ಟು ಆಮ್ಯಾಲ ಮಾಡ್ರಿ, ಈಗ ಹಣಿ ಸುಕ್ಕಾದ್ರ ಪೇಸ್ಟು ಸಿಗಂಗಿಲ್ಲ."

ಯಜಮಾನರು ಕಲ್ಲಾಗಿ ಕುಂತ್ರು. ಹಣಿ ನಡುವಿನ ಗೆರಿ ಕೆರೆದು ಅಕ್ಕಿಕಾಳಿನಷ್ಟು ತಗದ್ಲು, ಹಚ್ಚಿದ್ಲು, ಮುಚ್ಚಿ ಚಾಲೂ ಮಾಡಿದ್ಲು. ಪರದಿ ಬೆಳಕಾತು. ಮದುಮಗಳು ಕಣ್ಣಾಗ ಬಿದ್ದ ಅಕ್ಷತಿ ಉಜ್ಜಿಕೊಂತ ಬಂದ್ಲು. ಸ್ಟುಡಿಯೊದಾವ ಕಂಪ್ಯೂಟರಿಗೆ ಕೈ ಮುಗೀಲಿಲ್ಲ, ಯಜಮಾನರ ಹಣಿಗೆ ಮುಗಿದ.

ಅವರು ಬೋಳು ಗೆರಿ ಮುಟ್ಟಿಕೊಂಡು ಗಂಭೀರ ಆಗಿ ಅಂದ್ರು, "ಶೇಂಗಾ ಚೀಲ ಅಟ್ಟಕ್ಕ ಏರಸ್ರಿ."

ಆ ಹುಡುಗಿ ಸಿಡಿ ತಗೊಂಡ ಸೊಲ್ಲಾಪುರಕ್ಕ ಹೋದ್ಲು, ಈಗ ಅಕಿ ಮಗಳು ಸಾಲಿಗೆ ಹೋಗತಾಳ. ಸ್ಟುಡಿಯೊದಾವ ಈಗ ಬ್ಯಾಟರಿ ಸೆಲ್ಲು ಬದಲಿ ಮಾಡಾಕೂ ನಮ್ಮನಿಗೇ ಬರತಾನ. ಸೊಸಿ ಪಡಸಾಲ್ಯಾಗ ಇನ್ನೊಂದು ಮೇಜು ಹಾಕ್ಯಾಳ. ಶೇಂಗಾ ಇನ್ನೂ ಅಟ್ಟದ ಮ್ಯಾಲ ಐತಿ. ಯಜಮಾನರು ಮಾತ್ರ ದಿನಾ ಜಳಕ ಮಾಡಿ ಬಂದು, ಬಟ್ಟಲ ಮೂಸಿ ನೋಡಿ, ಸೊಸಿನ್ನ ಕರದು ಕೇಳತಾರ:

"ಏನವ್ವಾ, ಇದು ನಂದೋ, ಕಂಪ್ಯೂಟರಿಂದೋ?"